ಒಂಬತ್ತು ಲಕ್ಷಕ್ಕೆ ಬಿಎಂಡಬ್ಲ್ಯು ಸಿಗ್ತಿದೆ, ತಗೊಳ್ಳಲಾ?

ಪ್ರಶ್ನೆ (ಹಾಸನ):
ಅಣ್ಣಾ, ನಮಸ್ಕಾರ. ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 2013ರ ಬಿಎಂಡಬ್ಲ್ಯು 320ಡಿ ಇದೆ. ಡೀಸೆಲ್, ದೆಹಲಿ ನಂಬರ್, ಮೀಟರ್‌ನಲ್ಲಿ 72,000 ಕಿಲೋಮೀಟರ್, ಕೇಳುತ್ತಿರುವುದು 9 ಲಕ್ಷ. ಹೊಸ ಹ್ಯಾಚ್‌ಬ್ಯಾಕ್ ಬೆಲೆಗೆ ಬಿಎಂಡಬ್ಲ್ಯು ಅಂತ ಮನಸ್ಸು ಕುಣಿಯುತ್ತಿದೆ. ಮನೆಯವರು ಮಾತ್ರ ಆನೆ ಕಟ್ಟೋದು ಸುಲಭ, ಮೇವು ಹಾಕೋರು ಯಾರು ಅಂತಾರೆ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿ ಬರುತ್ತೇನೆ. ಏನೇನು ಕೆಡುತ್ತದೆ, ಎಷ್ಟು ಖರ್ಚು ಬರುತ್ತದೆ, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ:
ನಿಮ್ಮ ಮನೆಯವರು ಅರ್ಧ ಸರಿ. ಈ ಕಾರು ಹೊಸದಾಗಿದ್ದಾಗ ರೋಡಿಗೆ ಇಳಿಯುವಷ್ಟರಲ್ಲಿ 30 ಲಕ್ಷ ದಾಟಿತ್ತು. ಈಗ ಕಾರಿನ ಬೆಲೆ ಮಾತ್ರ 9ಕ್ಕೆ ಇಳಿದಿದೆ. ಅದರ ಸ್ಪೇರ್ ಪಾರ್ಟ್ ಬೆಲೆ ಇಳಿದಿಲ್ಲ, ವರ್ಷ ವರ್ಷ ಏರಿದೆ. ನನ್ನ ಗ್ಯಾರೇಜಿಗೆ ಬರುವ ಜಗಳದಲ್ಲಿ ಮುಕ್ಕಾಲು ಪಾಲು ಇದೇ. ಹ್ಯಾಚ್‌ಬ್ಯಾಕ್ ದುಡ್ಡು ಕೊಟ್ಟು ತಂದವರು ಹ್ಯಾಚ್‌ಬ್ಯಾಕ್ ಬಿಲ್ ಬರುತ್ತದೆ ಅಂದುಕೊಂಡಿರುತ್ತಾರೆ.

ಆ ವರ್ಷದ 320ಡಿಯಲ್ಲಿ ಇರುವುದು ಎನ್47 ಅನ್ನುವ 2 ಲೀಟರ್ ಇಂಜಿನ್. 184 ಪಿಎಸ್ ಶಕ್ತಿ, ಮೈಲೇಜೂ ಚೆನ್ನಾಗಿದೆ, ಓಡಿಸಿದರೆ ಇಳಿಯೋಕೆ ಮನಸ್ಸು ಬರುವುದಿಲ್ಲ. ತೊಂದರೆ ಇರುವುದು ಟೈಮಿಂಗ್ ಚೈನ್‌ನಲ್ಲಿ, ಅಂದರೆ ಪಿಸ್ಟನ್ ಮತ್ತು ವಾಲ್ವ್ ಒಂದೇ ತಾಳದಲ್ಲಿ ಓಡುವ ಹಾಗೆ ನೋಡಿಕೊಳ್ಳುವ ಸರಪಳಿಯಲ್ಲಿ. ಬಹಳಷ್ಟು ಕಾರುಗಳಲ್ಲಿ ಈ ಚೈನ್ ಇಂಜಿನ್ ಮುಂಭಾಗದಲ್ಲಿ ಇರುತ್ತದೆ, ಕವರ್ ಬಿಚ್ಚಿದರೆ ಕೈಗೆ ಸಿಗುತ್ತದೆ. ಇದರಲ್ಲಿ ಹಿಂದೆ, ಗೇರ್‌ಬಾಕ್ಸ್ ಕಡೆ ಇಟ್ಟಿದ್ದಾರೆ. ಚೈನ್ ಹಿಗ್ಗಿದರೆ ಅಥವಾ ಅದು ಜಾರುವ ಪ್ಲಾಸ್ಟಿಕ್ ಗೈಡ್ ಸವೆದರೆ ಇಡೀ ಇಂಜಿನ್ ಕೆಳಗಿಳಿಸಿ ಕೆಲಸ ಮಾಡಬೇಕು. ಚೈನ್‌ಗಿಂತ ಕೂಲಿಯೇ ಭಾರ. ನಮ್ಮಲ್ಲಿ ಒರಿಜಿನಲ್ ಕಿಟ್ ಹಾಕಿ ಮಾಡಿದರೆ ಸುಮಾರು ಒಂದೂವರೆ ಲಕ್ಷ, ಹಿಂದೆ ಮುಂದೆ ಆಗಬಹುದು. ಓಡುವಾಗಲೇ ಕಡಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಹೊಡೆಯುತ್ತದೆ, ಆಮೇಲೆ ಮಾತಾಡುವುದು ಬೇರೆ ಇಂಜಿನ್ ಬಗ್ಗೆಯೇ. 2011ಕ್ಕಿಂತ ಮುಂಚಿನವು ಇದಕ್ಕೆ ಜಾಸ್ತಿ ಹೆಸರು ಕೆಡಿಸಿಕೊಂಡಿವೆ. 2013ರದ್ದು ಅಷ್ಟು ಭಯ ಇಲ್ಲ, ಆದರೆ ಹೊಸ ಆಯಿಲ್ ಕಾಣದೆ 25,000 ಕಿಲೋಮೀಟರ್ ಓಡಿಸಿದ ಕಾರಾಗಿದ್ದರೆ ಯಾವ ವರ್ಷದ್ದಾದರೂ ನಾನು ನಂಬುವುದಿಲ್ಲ.

ನೋಡುವ ವಿಧಾನ ಹೇಳುತ್ತೇನೆ. ಬೆಳಿಗ್ಗೆ ಮೊದಲ ಗಿರಾಕಿಯಾಗಿ ಹೋಗಿ. ಮಾತಿಗೆ ಮುಂಚೆ ಬಾನೆಟ್ ಮೇಲೆ ಅಂಗೈ ಇಡಿ. ತಣ್ಣಗಿರಬೇಕು. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಸದ್ದು ಅಡಗಿಸಿದ್ದಾರೆ. ತಣ್ಣಗಿದ್ದರೆ ಜೊತೆಯವರನ್ನು ಸೀಟಿನಲ್ಲಿ ಕೂರಿಸಿ ಸ್ಟಾರ್ಟ್ ಮಾಡಿಸಿ, ನೀವು ಮುಂದಿನ ಚಕ್ರದ ಹಿಂಬದಿ, ಬಾಗಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕಿವಿ ಕೊಡಿ. ಡೀಸೆಲ್ ಸದ್ದು ಟಕಟಕ ಅಂತ ಮುಂದಿನಿಂದ ಬರುತ್ತದೆ, ಅದು ಇರಲಿ. ಅದರ ಹಿಂದೆ, ಡ್ಯಾಶ್‌ಬೋರ್ಡಿನ ಗೋಡೆ ಕಡೆಯಿಂದ, ಡಬ್ಬಿಯಲ್ಲಿ ಹುಣಸೆ ಬೀಜ ಅಲ್ಲಾಡಿಸಿದ ಹಾಗೆ ಸರಸರ ಕೇಳಿಸಿದರೆ, ಆಕ್ಸಲರೇಟರ್ ಒತ್ತಿ 1,500ರಿಂದ 2,000 ಆರ್‌ಪಿಎಂಗೆ ತಂದಾಗ ಅದೇ ಸದ್ದು ಇಂಜಿನ್ ಜೊತೆಗೇ ಏರಿದರೆ, ಎದ್ದು ಪ್ಯಾಂಟ್ ಕೊಡವಿಕೊಂಡು ಬನ್ನಿ. "ಡೀಸೆಲ್ ಅಲ್ವಾ ಸಾರ್, ಹಂಗೇ ಇರೋದು" ಅಂತಾರೆ. ಹಾಗಿರುವುದಿಲ್ಲ.

ಇನ್ನು 72,000 ಕಿಲೋಮೀಟರ್. ಇರಬಹುದು, ಇಲ್ಲದೆಯೂ ಇರಬಹುದು. ಹೋದ ವರ್ಷ ಒಂದು ಕಾರು ಬಂದಿತ್ತು, ಮೀಟರ್‌ನಲ್ಲಿ 61,000. ಬ್ರೇಕ್ ಪೆಡಲ್ ರಬ್ಬರ್ ಸವೆದು ಒಂದು ಅಂಚಿನಲ್ಲಿ ಲೋಹ ಕಾಣುತ್ತಿತ್ತು, ಸೀಟಿನ ಬಲಗಡೆ ಚರ್ಮ ಬಿರಿದಿತ್ತು. ಚಾಸಿ ನಂಬರ್ ಕೊಟ್ಟು ಹಳೆ ಸರ್ವಿಸ್ ದಾಖಲೆ ತೆಗೆಸಿದರೆ ಎರಡು ವರ್ಷದ ಹಿಂದೆಯೇ 1,48,000 ಅಂತ ಬರೆದಿದೆ. ತಂದವರು ಸುಮ್ನೆ ಕೂತುಬಿಟ್ಟರು, ಟೀ ಕೂಡ ಕುಡಿಯಲಿಲ್ಲ. ಅದಕ್ಕೆ ಅಡ್ವಾನ್ಸ್ ಕೊಡುವ ಮುಂಚೆ ಸರ್ವಿಸ್ ದಾಖಲೆ ತೆಗೆಸಿ, ಆಮೇಲೆ ಸ್ಕ್ಯಾನರ್, ಅಂದರೆ ಕಾರಿನ ಕಂಪ್ಯೂಟರ್ ಓದುವ ಯಂತ್ರ, ಹಾಕಿಸಿ. ಈ ಕಾರುಗಳಲ್ಲಿ ಕಿಲೋಮೀಟರ್ ಲೆಕ್ಕ ಮೀಟರ್‌ನಲ್ಲಿ ಮಾತ್ರ ಇರುವುದಿಲ್ಲ, ಕಾರಿನೊಳಗಿನ ಬೇರೆ ಸಣ್ಣ ಕಂಪ್ಯೂಟರ್‌ಗಳಲ್ಲೂ (ಮಾಡ್ಯೂಲ್) ಕೂತಿರುತ್ತದೆ. ತಿದ್ದುವವನು ಎಷ್ಟೋ ಸಲ ಒಂದು ಕಡೆ ತಿದ್ದಿ ಇನ್ನೊಂದು ಕಡೆ ಮರೆತಿರುತ್ತಾನೆ.

ಕೂಲೆಂಟ್ ಡಬ್ಬಿಯನ್ನೂ ನೋಡಿ. ಹೊರಗೆ ಎಲ್ಲೂ ಸೋರದೆ ಕೂಲೆಂಟ್ ಕಡಿಮೆ ಆಗುತ್ತಿದ್ದರೆ ಮೊದಲ ಅನುಮಾನ ಇಜಿಆರ್ ಕೂಲರ್ ಮೇಲೆ, ಅಂದರೆ ಇಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ತಣ್ಣಗೆ ಮಾಡುವ ಭಾಗದ ಮೇಲೆ. ಅದರೊಳಗೆ ಸೋರಿದ ಕೂಲೆಂಟ್ ಹೊಗೆಯ ಮಸಿ ಜೊತೆ ಸೇರಿ ಅಂಟಾಗುತ್ತದೆ, ಬಿಸಿಗೆ ಹೊತ್ತಿಕೊಳ್ಳಲೂಬಹುದು. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಬೆಂಕಿ ಬಿದ್ದು ದೊಡ್ಡ ಸುದ್ದಿಯಾಗಿತ್ತಲ್ಲ, ಅದು ಇದೇ ಭಾಗ. ಹಲವು ದೇಶಗಳಲ್ಲಿ ವಾಪಸ್ ಕರೆಸಿ ಬದಲಾಯಿಸಿದರು. ನೀವು ನೋಡಿರುವ ಕಾರಿಗೆ ಅಂಥ ಕೆಲಸ ಬಾಕಿ ಇದೆಯಾ ಅಂತ ಚಾಸಿ ನಂಬರ್ ಕೊಟ್ಟು ಕಂಪನಿ ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಉಳಿದದ್ದು ಸಣ್ಣಪುಟ್ಟದ್ದು ಅಂತಾರೆ, ಒಟ್ಟು ಸೇರಿದರೆ ಸಣ್ಣದಲ್ಲ. ನಮ್ಮ ಕಡೆ ರಸ್ತೆಗೆ ಮುಂದಿನ ಕಂಟ್ರೋಲ್ ಆರ್ಮ್ (ಚಕ್ರವನ್ನು ಹಿಡಿದಿರುವ ತೋಳು) ಬುಷ್‌ಗಳು, ಅಂದರೆ ಅದರ ರಬ್ಬರ್‌ಗಳು, ಬೇಗ ಹರಿಯುತ್ತವೆ, ಎರಡೂ ಕಡೆ ಆರ್ಮ್ ಸಮೇತ ಹಾಕಿದರೆ 35,000ದಿಂದ 50,000. ನೀವು ಶಿರಾಡಿ ಕಡೆಗೂ ಹೋಗುವವರಾದರೆ ಇದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಆಯಿಲ್ ಫಿಲ್ಟರ್ ಹೌಸಿಂಗ್ ಗ್ಯಾಸ್ಕೆಟ್ ಗಟ್ಟಿಯಾಗಿ ಎಣ್ಣೆ ಜಿನುಗುತ್ತದೆ. ಗ್ಯಾಸ್ಕೆಟ್‌ಗೆ ಕಾಸು ಕಡಿಮೆ, ಬಿಚ್ಚುವ ಕೂಲಿ ಸೇರಿ 10,000 ಹತ್ತಿರ. ಬ್ಯಾಟರಿ ಡಿಕ್ಕಿಯಲ್ಲಿದೆ, ಎಜಿಎಂ ಜಾತಿಯದ್ದು, 20,000 ದಾಟುತ್ತದೆ. ಹಾಕಿದ ಮೇಲೆ ಸ್ಕ್ಯಾನರ್‌ನಲ್ಲಿ ಹೊಸ ಬ್ಯಾಟರಿ ಅಂತ ನೋಂದಾಯಿಸಬೇಕು, ಇಲ್ಲದಿದ್ದರೆ ಕಾರು ಹಳೆ ಬ್ಯಾಟರಿಗೆ ಕೊಡುವ ಹಾಗೆಯೇ ಚಾರ್ಜ್ ಕೊಟ್ಟು ಹೊಸದನ್ನೂ ಬೇಗ ಕೊಲ್ಲುತ್ತದೆ. ಮೂಲೆ ಅಂಗಡಿಯವನು ಇದನ್ನು ಮಾಡುವುದಿಲ್ಲ. ರನ್‌ಫ್ಲಾಟ್ ಟೈರ್ ಒಂದಕ್ಕೆ 16,000ದ ಮೇಲೆ. ಗಾಳಿ ಹೋದರೂ ಗಂಟೆಗೆ 80ರ ವೇಗ ಮೀರದೆ ಸುಮಾರು 80 ಕಿಲೋಮೀಟರ್ ಎಳೆಯುತ್ತದೆ, ಆದರೆ ಪಕ್ಕದ ಗೋಡೆ ಗಟ್ಟಿ, ಗುಂಡಿಗೆ ಬಿದ್ದರೆ ರಿಮ್‌ಗೂ ನಿಮ್ಮ ಸೊಂಟಕ್ಕೂ ಏಟು. ಎಷ್ಟೋ ಜನ ಮಾಮೂಲಿ ಟೈರ್ ಹಾಕಿಸಿ ಪಂಕ್ಚರ್ ಕಿಟ್ ಇಟ್ಟುಕೊಂಡಿದ್ದಾರೆ. ನಾನೂ ಅದನ್ನೇ ಹೇಳುವುದು.

ಒಟ್ಟಿನಲ್ಲಿ ಕಾರು ಚೆನ್ನಾಗಿದ್ದರೂ ಮೊದಲ ವರ್ಷಕ್ಕೆ 2 ಲಕ್ಷ ಬೇರೆ ಎತ್ತಿಡಿ. ಆ 2 ಲಕ್ಷ ಇಲ್ಲ ಅಂದರೆ ನಿಮ್ಮ ಬಜೆಟ್ 9 ಅಲ್ಲ, 7.

ಪ್ರಶ್ನೆ (ಅದೇ ಹಾಸನದವರು):
ದೆಹಲಿ ನಂಬರ್ ಅಂದರೆ ತೊಂದರೆ ಇದೆಯಾ? ಡೀಲರ್ ಎನ್‌ಒಸಿ (ಅಲ್ಲಿನ ಆರ್‌ಟಿಒ ಒಪ್ಪಿಗೆ ಪತ್ರ) ಕೊಡಿಸುತ್ತೇನೆ ಅಂತಾನೆ.

ಉತ್ತರ:
10 ವರ್ಷ ದಾಟಿದ ಡೀಸೆಲ್ ಕಾರು ದೆಹಲಿಯಲ್ಲಿ ಓಡಬಾರದು ಅಂತ 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶ ಬಂತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಆ ಭಯಕ್ಕೆ ಅಲ್ಲಿನ ಕಾರುಗಳು ಅಗ್ಗಕ್ಕೆ ಇಲ್ಲಿಗೆ ಹರಿದು ಬಂದವು. ಕಾರಲ್ಲಿ ದೋಷ ಇದ್ದೇ ಇರುತ್ತದೆ ಅಂತೇನಿಲ್ಲ. ನಮ್ಮಲ್ಲಿ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಳ್ಳುವುದಾದರೆ ಕೆಎ ನಂಬರ್ ಮಾಡಿಸಲೇಬೇಕು, ಜೀವಾವಧಿ ತೆರಿಗೆ ಕಟ್ಟಬೇಕು. 20 ಲಕ್ಷ ಮೀರಿದ ಹೊಸ ಕಾರಿಗೆ ಇಲ್ಲಿ 18 ಪರ್ಸೆಂಟ್, ಅದರ ಮೇಲೆ ಸೆಸ್. ಹಳೆ ಕಾರಿಗೆ ವಯಸ್ಸು ನೋಡಿ ಇಳಿಸುತ್ತಾರೆ, ಆದರೆ ಲೆಕ್ಕ ನೀವು ಕೊಟ್ಟ 9 ಲಕ್ಷದ ಮೇಲಲ್ಲ, ಹೊಸದರ ಬೆಲೆ ಹಿಡಿದು. ಲಕ್ಷಗಳಲ್ಲೇ ಬರುತ್ತದೆ. ಆರ್‌ಟಿಒದಲ್ಲಿ ಅಂಕಿ ಕೇಳಿಕೊಂಡು ಬಂದ ಮೇಲೆ ಚೌಕಾಸಿ ಶುರು ಮಾಡಿ. ಇನ್ನೊಂದು, 2013ರ ಆರ್‌ಸಿ 15 ವರ್ಷಕ್ಕೆ, ಅಂದರೆ 2028ಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ (ಕಾರು ಓಡಲು ಯೋಗ್ಯ ಅನ್ನುವ ಪತ್ರ), ಹಸಿರು ತೆರಿಗೆ. ತೆರಿಗೆ ಎಲ್ಲಾ ಕಟ್ಟಿ ಎಷ್ಟು ವರ್ಷ ಓಡಿಸುತ್ತೀರಿ ಅಂತ ಕೂತು ಲೆಕ್ಕ ಹಾಕಿ.

ಪ್ರಶ್ನೆ (ಶಿವಮೊಗ್ಗ):
ನನ್ನದೂ 320ಡಿ, 1,10,000 ಆಗಿದೆ. ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್, ಮುಟ್ಟಬೇಡಿ ಅಂತ ಒಬ್ಬರು, ಈಗ್ಲೇ ಬದಲಾಯಿಸಿ ಅಂತ ಇನ್ನೊಬ್ಬರು. ಎರಡನೇ ಗೇರ್‌ಗೆ ಇಳಿಯುವಾಗ ಸಣ್ಣಗೆ ಎಳೆದ ಹಾಗೆ ಆಗುತ್ತದೆ.

ಉತ್ತರ:
ಯಾರ ಲೈಫ್ ಟೈಮ್ ಅಂತ ಕೇಳಬೇಕಿತ್ತು. ನಿಮ್ಮ 8 ಗೇರಿನ ಬಾಕ್ಸ್ ಮಾಡಿದ್ದು ಜೆಡ್‌ಎಫ್ ಅನ್ನುವ ಜರ್ಮನ್ ಕಂಪನಿ. ಅವರೇ 80,000ದಿಂದ 1,20,000 ಕಿಲೋಮೀಟರ್‌ಗೆ ಅಥವಾ 8 ವರ್ಷಕ್ಕೆ ಬದಲಾಯಿಸಿ ಅಂತಾರೆ. ಬದಲಾಯಿಸಿ. ಕೆಳಗಿನ ಪ್ಯಾನ್ ಪ್ಲಾಸ್ಟಿಕ್ಕಿನದು, ಫಿಲ್ಟರ್ ಅದರೊಳಗೇ ಕೂಡಿಕೊಂಡಿದೆ, ಹಾಗಾಗಿ ಪ್ಯಾನ್ ಸಮೇತ ಹೊಸದು ಬೇಕು. ಎಲ್ಲಾ ಸೇರಿ 35,000ದಿಂದ 45,000. 12,000ಕ್ಕೆ ಮಾಡಿಕೊಡ್ತೀನಿ ಅಂದರೆ ಅವನು ಪ್ಯಾನ್ ಬದಲಾಯಿಸುತ್ತಿಲ್ಲ, ಅಥವಾ ಆಯಿಲ್ ಬೇರೆ ಯಾವುದೋ. ತುಂಬುವಾಗ ಇಂಜಿನ್ ಓಡುತ್ತಿರಬೇಕು, ಆಯಿಲ್ ಬಿಸಿ 30ರಿಂದ 50 ಡಿಗ್ರಿ ಒಳಗಿರುವಾಗ ಮಟ್ಟ ನೋಡಬೇಕು. ಮೆಕ್ಯಾನಿಕ್ ಕೈಯಲ್ಲಿ ಸ್ಕ್ಯಾನರ್ ಇಲ್ಲದಿದ್ದರೆ ಆ ಡಿಗ್ರಿ ಅವನಿಗೆ ಹೇಗೆ ಗೊತ್ತಾಗುತ್ತದೆ? ಎಳೆತ ಆಯಿಲ್‌ನಿಂದಲೇ ಹೋಗುತ್ತದೆ ಅಂತ ಮಾತು ಕೊಡಲಾರೆ. ನಮ್ಮಲ್ಲಿ ಜಾಸ್ತಿ ಸಲ ಹೋಗಿದೆ.

ಪ್ರಶ್ನೆ (ಮಂಗಳೂರು):
ಮರ್ಸಿಡಿಸ್ ಎಸ್ ಕ್ಲಾಸ್, 2010ರದ್ದು, ಡಬ್ಲ್ಯು221. ಕೊಟ್ಟದ್ದು 11 ಲಕ್ಷ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಮುಂದಿನ ಎಡ ಮೂಲೆ ಕುಸಿದಿರುತ್ತದೆ, ಸ್ಟಾರ್ಟ್ ಮಾಡಿದರೆ ಮೇಲೆ ಏಳುತ್ತದೆ. ಏಳುತ್ತದಲ್ಲ, ಹೀಗೇ ಓಡಿಸಬಹುದಾ?

ಉತ್ತರ:
ಓಡಿಸಬೇಡಿ. ಅದಕ್ಕೆ ಸ್ಪ್ರಿಂಗ್ ಇಲ್ಲ, ರಬ್ಬರ್ ಚೀಲದಲ್ಲಿ ಗಾಳಿ ತುಂಬಿ ಕಾರನ್ನು ಎತ್ತಿ ಹಿಡಿದಿರುತ್ತದೆ. ವಯಸ್ಸಾದ ಹಾಗೆ ರಬ್ಬರ್ ಮಡಿಕೆಯಲ್ಲಿ ಬಿರಿಯುತ್ತದೆ. ಸೋಪ್ ನೀರು ಚಿಮುಕಿಸಿದರೆ ಗುಳ್ಳೆ ಏಳುವುದು ಕಣ್ಣಿಗೇ ಕಾಣುತ್ತದೆ. ಸೋರಿದ ಗಾಳಿಯನ್ನು ತುಂಬಲು ಕಂಪ್ರೆಸರ್ ಪ್ರತಿದಿನ ಬೇಕಾದ್ದಕ್ಕಿಂತ ಜಾಸ್ತಿ ದುಡಿಯುತ್ತದೆ, ಕೊನೆಗೆ ಅದೂ ಸುಟ್ಟು ಹೋಗುತ್ತದೆ. ಈಗ ಒಂದು ಸ್ಟ್ರಟ್ (ಆ ಗಾಳಿ ಚೀಲ ಇರುವ ಕಂಬ) ಬೆಲೆ, ಆಮೇಲೆ ಸ್ಟ್ರಟ್ ಜೊತೆ ಕಂಪ್ರೆಸರ್. ಒರಿಜಿನಲ್ ಸ್ಟ್ರಟ್ ಒಂದಕ್ಕೆ ಲಕ್ಷ ದಾಟುತ್ತದೆ, ಒಳ್ಳೆಯ ಬದಲಿ ಕಂಪನಿಯದು 50,000–60,000ಕ್ಕೆ ಸಿಗುತ್ತದೆ. ಅದನ್ನೇ ಹಾಕಿಸಿ, ನಾಚಿಕೆ ಏನಿಲ್ಲ. ಎಡದ್ದು ಹೋದರೆ ಬಲದ್ದೂ ಅದೇ ವಯಸ್ಸಿನದು, ನೆನಪಿರಲಿ.

ಪ್ರಶ್ನೆ (ಬೆಂಗಳೂರು):
ನೀರಲ್ಲಿ ಮುಳುಗಿದ ಕಾರು ಗುರುತು ಹಿಡಿಯೋದು ಹೇಗೆ?

ಉತ್ತರ:
2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಕಡೆ ನೆರೆ ಬಂದಾಗ ದೊಡ್ಡ ದೊಡ್ಡ ಕಾರುಗಳು ಬಾನೆಟ್ ತನಕ ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಕಾರ್ಪೆಟ್ ತೊಳೆದು ಸುಗಂಧ ಹೊಡೆದಿರುತ್ತಾರೆ, ಮೂಗನ್ನು ನಂಬಬೇಡಿ. ಸೀಟ್ ಬೆಲ್ಟ್ ಕೊನೆ ತನಕ ಎಳೆಯಿರಿ. ಒಳಗೆ ಸುತ್ತಿಕೊಂಡಿದ್ದ ತುದಿಯನ್ನು ಯಾರೂ ತೊಳೆಯುವುದಿಲ್ಲ, ಅಲ್ಲಿ ಕೆಸರಿನ ಗೆರೆ ಇರುತ್ತದೆ. ಸೀಟ್ ಹಳಿಯ ಬೋಲ್ಟ್ ತುಕ್ಕು, ಡಿಕ್ಕಿಯಲ್ಲಿ ಬ್ಯಾಟರಿ ಕೂರುವ ಗುಂಡಿ, ಅಲ್ಲೂ ಬೆರಳಾಡಿಸಿ. ಇಂಥ ಕಾರಲ್ಲಿ ಇಂಜಿನ್ ಸರಿ ಮಾಡಬಹುದು. ವೈರಿಂಗ್ ಒಳಗೆ ಹಸಿರು ಹಿಡಿದದ್ದು ಎರಡು ವರ್ಷ ಬಿಟ್ಟು ಒಂದೊಂದೇ ಮಾಡ್ಯೂಲ್ ಆಗಿ ದುಡ್ಡು ಕೇಳುತ್ತದೆ.

ಪ್ರಶ್ನೆ (ಸ್ಟುಟ್‌ಗಾರ್ಟ್‌ನಿಂದ ಒಬ್ಬ ಕನ್ನಡಿಗ):
ಊರಿಗೆ ಬರುವಾಗ ಅಪ್ಪನ ಕಾರಿಗೆ ಇಲ್ಲಿಂದ ಪಾರ್ಟ್ಸ್ ತರಲಾ? ಹೆಡ್‌ಲೈಟ್ ಇಲ್ಲಿ ಅರ್ಧ ಬೆಲೆ.

ಉತ್ತರ:
ಸೆನ್ಸರ್, ಗ್ಯಾಸ್ಕೆಟ್ ಥರದ್ದು ಚಾಸಿ ನಂಬರ್‌ಗೆ ಪಾರ್ಟ್ ನಂಬರ್ ತಾಳೆ ನೋಡಿ ತನ್ನಿ. ಹೆಡ್‌ಲೈಟ್ ಬೇಡ. ಅಲ್ಲಿ ಬಲಗಡೆ ಓಡಿಸುತ್ತೀರಿ, ಬೆಳಕೂ ಬಲಕ್ಕೆ ಎತ್ತರಿಸಿರುತ್ತದೆ. ಇಲ್ಲಿ ಹಾಕಿದರೆ ಎದುರಿನವನ ಕಣ್ಣಿಗೇ ಹೊಡೆಯುತ್ತದೆ.

ಪ್ರಶ್ನೆ (ಹಾಸನ, ಮತ್ತೆ):
ಅಣ್ಣಾ, ಹೋಗಿ ಬಂದೆ. 8 ಗಂಟೆಗೇ ಹೋದೆ. ಬಾನೆಟ್ ಬೆಚ್ಚಗಿತ್ತು. "ಜಾಗ ಬದಲಾಯಿಸೋಕೆ ತೆಗೆದಿದ್ವಿ ಸಾರ್" ಅಂದ. ಸರ್ವಿಸ್ ದಾಖಲೆ ತೆಗೆಸಿದೆ, 2019ರಲ್ಲಿ 66,000 ಅಂತ ಇದೆ, ಆಮೇಲೆ ಏನೂ ಇಲ್ಲ. ಮೀಟರ್ ಸುಳ್ಳಲ್ಲ ಅನ್ನಿಸುತ್ತಿದೆ. ಆಸೆ ಇನ್ನೂ ಬಿಟ್ಟಿಲ್ಲ.

ಉತ್ತರ:
ಮೀಟರ್ ನಿಜ ಇರಬಹುದು, ಸದ್ಯಕ್ಕೆ ಅದು ನಿಮ್ಮ ಪುಣ್ಯ. ಆದರೆ ಅಷ್ಟು ವರ್ಷ ಆಯಿಲ್ ಯಾರು ಬದಲಾಯಿಸಿದರು? ನಿಂತ ಕಾರಲ್ಲೂ ಆಯಿಲ್ ಹಳತಾಗುತ್ತದೆ. ಡೀಲರ್‌ಗೆ ಹೀಗೆ ಹೇಳಿ: ಶುಕ್ರವಾರ ಸಂಜೆ ಕಾರನ್ನು ನಮ್ಮ ಗ್ಯಾರೇಜಲ್ಲಿ ಬಿಡಲಿ, ಕೀ ನನ್ನ ಹತ್ತಿರ ಇರಲಿ, ಶನಿವಾರ ಬೆಳಿಗ್ಗೆ ನೀವು, ಅವನು, ನಾನು ಮೂವರೂ ನಿಂತು ಸ್ಟಾರ್ಟ್ ಮಾಡೋಣ. ಒಪ್ಪಿದರೆ ಫೋನ್ ಮಾಡಿ, ಸ್ಕ್ಯಾನಿಂಗ್ ಸೇರಿ 3,500 ತಗೋತೀನಿ. ಒಪ್ಪದಿದ್ದರೆ ಆ 3,500 ನಿಮಗೇ ಉಳಿಯಿತು.