ಮಝಲ್‌ಲೋಡರ್ ರೈಫಲ್ ಗ್ರೂಪ್ ಹಿಡಿಯುತ್ತಿಲ್ಲ, ಏನೂ ಬದಲಿಸಿಲ್ಲ, ದಯವಿಟ್ಟು ನೋಡಿ

ಒಂಟಿನಳಿಗೆ:
ಎಲ್ಲರಿಗೂ ನಮಸ್ಕಾರ. ಮೂರು ಭಾನುವಾರ ರೇಂಜಿನಲ್ಲೇ ಕಳೆದೆ, ತಲೆ ಕೆಟ್ಟು ಹೋಗಿದೆ. .50 ಕ್ಯಾಲಿಬರ್, ಬಾಯಿಯಿಂದಲೇ ಮದ್ದು ಗುಂಡು ತುಂಬಿ, ಕೇಪು ಸಿಡಿಸಿ ಹತ್ತಿಸುವ ಕೋವಿ. ಮೊದಲ ಗುಂಡು ನಡುವಿಗೇ ಬೀಳುತ್ತದೆ. ಎರಡನೆಯದು ಎಡಕ್ಕೆ ನಾಲ್ಕು ಬೆರಳು. ಮೂರನೆಯದು ಮೇಲೆ. ಐದನೆಯದು ಕಾಗದಕ್ಕೇ ತಾಗುವುದಿಲ್ಲ. ಕಳೆದ ವರ್ಷ ಇದೇ ಕೋವಿ ಐದು ಗುಂಡನ್ನೂ ಒಂದು ಅಂಗೈಯೊಳಗೆ ಕೂರಿಸುತ್ತಿತ್ತು. ಮದ್ದು ಅದೇ, ಗುಂಡು ಅದೇ, ಏನೂ ಬದಲಿಸಿಲ್ಲ. ಸೈಟ್ ಎರಡು ಸಲ ಸರಿಸಿದೆ, ಉಪಯೋಗ ಆಗಲಿಲ್ಲ. ನಳಿಗೆಯೇ ಹೋಯಿತಾ?

ಕರಿಮದ್ದು:
ನಳಿಗೆಗೆ ಏನೂ ಆಗಿಲ್ಲ ಸರ್, ಮಸಿ ಕಟ್ಟಿದೆ. ಮೊದಲನೆಯದು ಸರಿಯಾಗಿ ಹೋಗಿ ಆಮೇಲೆ ಹರಡುತ್ತಿದೆ ಅಂದ್ರೆ ಮೊದಲು ಅದನ್ನೇ ನೋಡಬೇಕು. ಕರಿಮದ್ದು ಉರಿದಾಗ ಅರ್ಧಕ್ಕಿಂತ ಜಾಸ್ತಿ ಭಾಗ ಹೊಗೆ, ಮಸಿಯಾಗಿಯೇ ಉಳಿಯುತ್ತದೆ. ಪ್ರತಿ ಗುಂಡು ಹೊಡೆದ ಮೇಲೆ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಎಳೆಯಿರಿ. ಒದ್ದೆ ಅಂದರೆ ತೊಟ್ಟಿಕ್ಕುವಷ್ಟಲ್ಲ. ನೀರು ಬ್ರೀಚಿಗೆ, ಅಂದರೆ ನಳಿಗೆಯ ಬುಡಕ್ಕೆ, ಇಳಿದರೆ ಮದ್ದು ಹತ್ತುವುದಿಲ್ಲ.

ಒಂಟಿನಳಿಗೆ:
ಒರೆಸುತ್ತಲೇ ಇದ್ದೇನೆ, ಪ್ರತಿ ಗುಂಡಿಗೂ. ಎಲ್ಲರೂ ಮಾಡ್ತಾರಲ್ವಾ ಅಂತ ಬರೆಯಲಿಲ್ಲ.

ಕರಿಮದ್ದು:
ಯಾವುದರಿಂದ ಒರೆಸುತ್ತೀರಿ? ಪೆಟ್ರೋಲಿಯಂ ಎಣ್ಣೆಯಾದರೆ ಅದೇ ಕಾರಣ. ಕರಿಮದ್ದಿನ ಜೊತೆ ಸೇರಿ ಡಾಂಬರಿನ ಹಾಗೆ ಅಂಟುತ್ತದೆ.

ಒಂಟಿನಳಿಗೆ:
ನೀರು, ಅದಕ್ಕೆ ಒಂದು ಹನಿ ಪಾತ್ರೆ ತೊಳೆಯುವ ಸೋಪು.

ಕರಿಮದ್ದು:
ಹಾಗಾದರೆ ಒರೆಸುವುದು ಸಾಲುತ್ತಿಲ್ಲ. ಎರಡು ಒದ್ದೆ ಬಟ್ಟೆ ಎಳೆದು ನೋಡಿ.

ಚಕಮಕಿ:
ಸ್ವಲ್ಪ ನಿಲ್ಲಿ. ಟ್ವಿಸ್ಟ್, ಅಂದರೆ ನಳಿಗೆಯೊಳಗಿನ ಸುರುಳಿ ಗೆರೆಗಳ (ರೈಫ್ಲಿಂಗ್) ತಿರುವು ಎಷ್ಟು? ಗುಂಡು ದುಂಡೋ ಉದ್ದನೆಯದೋ? ದೂರ ಎಷ್ಟು, ಮದ್ದು ಎಷ್ಟು? ಇವು ಇಲ್ಲದೆ ಯಾರು ಏನು ಹೇಳೋಕಾಗುತ್ತೆ?

ಒಂಟಿನಳಿಗೆ:
ದುಂಡು ಗುಂಡು, .490 ಇಂಚು. 1:48 ಟ್ವಿಸ್ಟ್. 50 ಮೀಟರ್. 2ಎಫ್ ಕಾಳಿನ ಮದ್ದು 70 ಗ್ರೇನ್, ಅಳತೆ ಕೊಳವೆಯಲ್ಲಿ. ಕೋವಿಯ ಮುಂಭಾಗ ಮರಳು ಚೀಲದ ಮೇಲೆ. ಎರಡನೇ ಭಾನುವಾರ ಒಂದು ಸಲ ಕೇಪು ಸಿಡಿದು ಮದ್ದು ಹತ್ತಲಿಲ್ಲ. ಎತ್ತಿ ನೋಡಿದೆ, ಕೇಪು ಕೂರುವ ನಿಪ್ಪಲ್‌ನಲ್ಲಿ ಮಸಿ ಇತ್ತು.

ಚಕಮಕಿ:
ಇಲ್ಲೇ ಇದೆ ಉತ್ತರ. ದುಂಡು ಗುಂಡಿಗೆ 1:48 ಜಾಸ್ತಿ ತಿರುವು. 1879ರ ಗ್ರೀನ್‌ಹಿಲ್ ಸೂತ್ರ ಹಾಕಿ ನೋಡಿ. ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಬೇಕು. ದುಂಡು ಗುಂಡಿಗೆ ಉದ್ದವೂ ವ್ಯಾಸವೂ ಒಂದೇ. .490ಕ್ಕೆ 73.5 ಇಂಚಿಗೆ ಒಂದು ಸುತ್ತು ಸಾಕು. ನಿಮ್ಮ ನಳಿಗೆ 48 ಇಂಚಿಗೇ ಒಂದು ಸುತ್ತು ತಿರುಗಿಸುತ್ತಿದೆ. 70 ಗ್ರೇನಿನ ವೇಗಕ್ಕೆ ಗುಂಡು ರೈಫ್ಲಿಂಗ್ ಹಿಡಿಯದೆ ಜಾರುತ್ತದೆ. 50ಕ್ಕೆ ಇಳಿಸಿ.

ಸೀಸದಗುಂಡು:
ಲೆಕ್ಕ ಸರಿ, ತೀರ್ಮಾನ ಸರಿಯಿಲ್ಲ. ಆ ಸೂತ್ರ ಹೇಳುವುದು ಗುಂಡು ನೆಟ್ಟಗೆ ಹಾರಲು ಎಷ್ಟು ತಿರುವು ಸಾಕು ಅಂತ. ಅದಕ್ಕಿಂತ ಜಾಸ್ತಿ ಇದ್ದರೆ ಕೆಡುತ್ತದೆ ಅಂತ ಅಲ್ಲ. 1:48ರಲ್ಲಿ ದುಂಡು ಗುಂಡು ಹೊಡೆಯುವವರು ಎಷ್ಟೋ ಜನ. ಕಳೆದ ವರ್ಷ ಇವರದ್ದೂ ಹಿಡಿದಿತ್ತಲ್ಲ, ಟ್ವಿಸ್ಟ್ ಒಂದು ವರ್ಷದಲ್ಲಿ ಬದಲಾಗುತ್ತಾ? 3ಎಫ್ ಹಾಕಿ, ಮಸಿ ಕಡಿಮೆ.

ಚಕಮಕಿ:
.50ಕ್ಕೆ 2ಎಫ್ ಸರಿ. 3ಎಫ್ ಸಣ್ಣ ಕ್ಯಾಲಿಬರಿಗೆ.

ಸೀಸದಗುಂಡು:
ನಾನು .50ರಲ್ಲಿ 3ಎಫ್ ಬಿಟ್ಟು ಬೇರೆ ಹಾಕಿದ್ದೇ ಇಲ್ಲ. ಕಾಳು ಸಣ್ಣ, ಬೇಗ ಉರಿಯುತ್ತದೆ, ಅಷ್ಟೇ ಗ್ರೇನಿಗೆ ಒತ್ತಡ ಜಾಸ್ತಿ. ಅದಕ್ಕೆ ಬದಲಿಸುವಾಗ ಅಳತೆ ಕಡಿಮೆ ಮಾಡಿ ಶುರು ಮಾಡಬೇಕು. ಅಷ್ಟು ಗೊತ್ತಿದ್ದರೆ ಏನೂ ತೊಂದರೆ ಇಲ್ಲ.

ಷಡ್ಭುಜ:
ನಿಖರತೆ ಬೇಕಿದ್ದರೆ ದುಂಡು ಗುಂಡು ಬಿಡಿ. ನನ್ನದು ವಿಟ್‌ವರ್ತ್ ಮಾದರಿ, .451, ನಳಿಗೆಯ ಒಳಗು ಆರು ಮೂಲೆ, 20 ಇಂಚಿಗೆ ಒಂದು ಸುತ್ತು. 1857ರ ಪರೀಕ್ಷೆಯಲ್ಲಿ ಬ್ರಿಟಿಷ್ ಸೈನ್ಯದ ಎನ್‌ಫೀಲ್ಡ್ ಕೋವಿಯನ್ನು ಹಿಂದೆ ಹಾಕಿದ ವಿನ್ಯಾಸ. ಪ್ರತಿ ಗುಂಡಿನ ಮದ್ದನ್ನೂ ಮನೆಯಲ್ಲೇ ತೂಗಿ ಗಾಜಿನ ಕೊಳವೆಗೆ ತುಂಬಿ ತರುತ್ತೇನೆ. ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮದ ಹಾಗೇ ಅಭ್ಯಾಸ, 30 ನಿಮಿಷದಲ್ಲಿ 13 ಗುಂಡು, ಒಳ್ಳೆಯ 10 ಲೆಕ್ಕಕ್ಕೆ. ಮುಂದಿನ ಸೈಟ್ ಗ್ಲೋಬ್, ಹಿಂದಿನದು ಟ್ಯಾಂಗ್ ಸೈಟ್. ಫೋಟೋ ಬೇಕಿದ್ದರೆ ಹಾಕುತ್ತೇನೆ.

ಚಕಮಕಿ:
ಹಾಕಿ ಹಾಕಿ! ಟ್ಯಾಂಗ್ ಸೈಟ್ ಹತ್ತಿರದಿಂದ ತೋರಿಸಿ.

ಹಳೇಕೋವಿ:
ಫೋಟೋ ಇನ್ನೊಂದು ಎಳೆಯಲ್ಲಿ ಹಾಕಿ, ನಾನೂ ನೋಡುತ್ತೇನೆ. ಒಂಟಿನಳಿಗೆಯವರೇ, ಮೊದಲು ಒಂದು ಮಾತು. ಕೇಪು ಸಿಡಿದು ಮದ್ದು ಹತ್ತದಿದ್ದರೆ ತಕ್ಷಣ ಎತ್ತಿ ನೋಡಬೇಡಿ. ಬಾಯಿ ಟಾರ್ಗೆಟ್ ಕಡೆಗೇ ಇರಲಿ, ಒಂದು ನಿಮಿಷವಾದರೂ ಹಾಗೇ ಹಿಡಿದಿರಿ. ತಡವಾಗಿ ಹತ್ತುವ ಮದ್ದು ಇರುತ್ತದೆ. ಇದು ಗ್ರೂಪಿಗಿಂತ ಮುಖ್ಯ.

ಈಗ ಪ್ರಶ್ನೆ. ಹೊಡೆದ ಪ್ಯಾಚುಗಳನ್ನು ಹೆಕ್ಕಿ ನೋಡಿದಿರಾ? ಇಷ್ಟು ಹೊತ್ತು ಯಾರೂ ಪ್ಯಾಚಿನ ಮಾತೇ ಎತ್ತಲಿಲ್ಲ. ದುಂಡು ಗುಂಡು ರೈಫ್ಲಿಂಗನ್ನು ತಾನಾಗಿ ಹಿಡಿಯುವುದಿಲ್ಲ, ಹಿಡಿಯುವುದು ಅದಕ್ಕೆ ಸುತ್ತಿದ ಬಟ್ಟೆ. ಸೀಸ್ ಫೈರ್ ಕೂಗಿದ ಮೇಲೆ ಹೋಗಿ, ಬೆಂಚಿನಿಂದ ಐದಾರು ಮೀಟರ್ ಮುಂದೆ ಬಿದ್ದಿರುತ್ತವೆ. ಚೆನ್ನಾಗಿರುವ ಪ್ಯಾಚ್ ನಡುವೆ ಬೂದಿ ಬಣ್ಣ, ಸುತ್ತ ರೈಫ್ಲಿಂಗಿನ ಗೆರೆ, ಅಂಚಿನಲ್ಲಿ ಸ್ವಲ್ಪ ನೂಲು ಬಿಟ್ಟಿರುತ್ತದೆ. ಹಾಗೇ ಮತ್ತೆ ಬಳಸಬಹುದು ಅನ್ನಿಸುವಷ್ಟು ಗಟ್ಟಿ. ನಡುವೆ ಸುಟ್ಟ ತೂತು ಇದ್ದರೆ ಎಣ್ಣೆ ಸಾಲದು, ಇಲ್ಲವೇ ಬಟ್ಟೆ ತೆಳು. ಗುಂಡು ಕೂರುವ ಸುತ್ತಿನಲ್ಲಿ ನೆಟ್ಟಗೆ ಸೀಳಿದ್ದರೆ ನಳಿಗೆ ಬಾಯಿಯ ಅಂಚು ಚೂಪಾಗಿದೆ.

ಕರಿಮದ್ದು:
ಪ್ಯಾಚ್ ಹರಿದರೂ ಅದಕ್ಕೆ ಕಾರಣ ಮಸಿಯೇ.

ಒಂಟಿನಳಿಗೆ:
ಇವತ್ತು ಹೋಗಿದ್ದೆ. ಐದರಲ್ಲಿ ಮೂರು ಸಿಕ್ಕವು. ಒಂದು ಅರ್ಧವೇ ಇಲ್ಲ. ಇನ್ನೊಂದು ಬರೀ ನೂಲಿನ ಗಂಟು. ಮೂರನೆಯದರ ನಡುವೆ ಬೆರಳು ತೂರುವಷ್ಟು ತೂತು. ನಳಿಗೆ ಬಾಯಿಗೆ ಹತ್ತಿ ಒತ್ತಿ ತಿರುಗಿಸಿದೆ, ಎಲ್ಲೂ ಎಳೆ ಸಿಕ್ಕಿಕೊಳ್ಳಲಿಲ್ಲ.

ಹಳೇಕೋವಿ:
ಹಾಗಾದರೆ ಬಾಯಿ ಸರಿ ಇದೆ. ಹೊಡೆಯದ ಪ್ಯಾಚ್ ಒಂದು ತೆಗೆದುಕೊಂಡು ಎರಡೂ ಕೈಯಿಂದ ಎಳೆಯಿರಿ. ಎಣ್ಣೆ ಯಾವಾಗ ಹಚ್ಚಿದ್ದು?

ಒಂಟಿನಳಿಗೆ:
ಎಳೆದೆ. ನೆನೆದ ಕಾಗದದ ಹಾಗೆ ಹರಿಯಿತು, ಸದ್ದೂ ಬರಲಿಲ್ಲ. ಕಳೆದ ವರ್ಷ ಒಂದೇ ಸಲ ಇನ್ನೂರು ಕತ್ತರಿಸಿ, ಎಣ್ಣೆ ಹಚ್ಚಿ, ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಅದನ್ನೇ ಬಳಸುತ್ತಿದ್ದೇನೆ. ಬದಲಿಸಿಲ್ಲ ಅಂದಿದ್ದು ಅದಕ್ಕೇ.

ಹಳೇಕೋವಿ:
ಅದೇ ಕಾರಣ. ಎಣ್ಣೆ ಹಚ್ಚಿಟ್ಟ ಹತ್ತಿ ಬಟ್ಟೆ ದಿನ ಕಳೆದ ಹಾಗೆ ಸತ್ವ ಕಳೆದುಕೊಳ್ಳುತ್ತದೆ. ನೋಡಲು ಹೊಸದರ ಹಾಗೇ ಇರುತ್ತದೆ. ಶುದ್ಧವಾದ ನಳಿಗೆಯಲ್ಲಿ ಮೊದಲನೆಯದು ಹೇಗೋ ದಾಟುತ್ತದೆ. ಒಂದು ಗುಂಡು ಹೋದ ಮೇಲೆ ಎಷ್ಟೇ ಒರೆಸಿದರೂ ಒಳಗೆ ತುಸು ಒರಟು, ಅಲ್ಲಿ ಹರಿಯುತ್ತದೆ. ಹೊಸ ಬಟ್ಟೆ ತನ್ನಿ. ಒತ್ತಾಗಿ ನೇಯ್ದ ಹತ್ತಿ, ಹಾಸಿಗೆ ಟಿಕಿಂಗ್ ಬಟ್ಟೆ ಆಗುತ್ತದೆ, .015ರಿಂದ .018 ಇಂಚು ದಪ್ಪ. ಸಿಂಥೆಟಿಕ್ ಬೇಡವೇ ಬೇಡ, ಕರಗಿ ನಳಿಗೆಗೆ ಅಂಟುತ್ತದೆ. ಮೊದಲು ಒಗೆದು ಗಂಜಿ ತೆಗೆಯಿರಿ. ಎಣ್ಣೆ ಅವತ್ತಿಗೆ ಬೇಕಾದಷ್ಟಕ್ಕೆ ಮಾತ್ರ. ಬಟ್ಟೆ ದಪ್ಪವಾದರೆ ಗುಂಡು ಬಿಗಿಯಾಗಿ ಇಳಿಯುತ್ತದೆ, ಅರ್ಧದಲ್ಲಿ ನಿಲ್ಲಿಸಬೇಡಿ. ಮದ್ದಿನ ಮೇಲೆ ಪೂರ್ತಿ ಕೂರಬೇಕು, ನಡುವೆ ಜಾಗ ಉಳಿದರೆ ನಳಿಗೆ ಒಡೆಯುವ ಅಪಾಯ. ಗುಂಡು ತಳ್ಳುವ ರಾಮ್‌ರಾಡಿಗೆ ಗುರುತು ಹಾಕಿಕೊಳ್ಳಿ, ಪ್ರತಿ ಸಲ ಅಲ್ಲಿಗೇ ಬರಲಿ.

ಸೀಸದಗುಂಡು:
ಮದ್ದು ಸದ್ಯ 2ಎಫ್ ಇರಲಿ. ಒಂದು ಸಲಕ್ಕೆ ಒಂದೇ ಬದಲಿಸಿ. 3ಎಫ್ ಆಮೇಲೆ ನೋಡೋಣ.

ಒಂಟಿನಳಿಗೆ:
ತುಂಬಾ ಥ್ಯಾಂಕ್ಸ್! ಹೊಸ ಬಟ್ಟೆ, ಬೆಂಚಿನ ಮೇಲೆಯೇ ಜೇನುಮೇಣ ಮತ್ತು ಆಲಿವ್ ಎಣ್ಣೆ ಹಚ್ಚಿದೆ. ಹತ್ತು ಗುಂಡಿನಲ್ಲಿ ಒಂಬತ್ತು ಅಂಗೈಯೊಳಗೆ. ಹೊರಗೆ ಹೋದದ್ದು ನಾನೇ ಎಳೆದದ್ದು, ಕೋವಿಯ ಕುದುರೆ ಬೀಳುವಾಗಲೇ ಗೊತ್ತಾಯಿತು. ಪ್ಯಾಚುಗಳು ನೀವು ಹೇಳಿದ ಹಾಗೇ ಇವೆ, ನಡುವೆ ಬೂದಿ, ಸುತ್ತ ಗೆರೆ. ಆದರೆ ಇಡೀ ಗ್ರೂಪ್ ನಡುವಿನಿಂದ 8 ಸೆಂಟಿಮೀಟರ್ ಎಡಕ್ಕೆ. ಮೊದಲು ಸೈಟ್ ಸರಿಸಿದ್ದೆನಲ್ಲ, ಎಷ್ಟು ಅಂತ ನೆನಪಿಲ್ಲ.

ಚಕಮಕಿ:
ಆ ಒಂದು ಹೊರಗೆ ಹೋದದ್ದು ಟ್ವಿಸ್ಟಿನಿಂದ. 50 ಗ್ರೇನ್ ಹಾಕಿ ನೋಡಿ ಅಂದಿದ್ದೆ.

ಹಳೇಕೋವಿ:
ಹಿಂದಿನ ಸೈಟನ್ನು ಗುಂಡು ಎತ್ತ ಹೋಗಬೇಕೋ ಅತ್ತ ಸರಿಸಿ, ನಿಮಗೆ ಬಲಕ್ಕೆ. ಎರಡು ಸೈಟ್ ನಡುವಿನ ದೂರ ಅಳೆಯಿರಿ. 70 ಸೆಂಟಿಮೀಟರ್ ಇದ್ದರೆ, 50 ಮೀಟರಿಗೆ 8 ಸೆಂಟಿಮೀಟರ್ ಅಂದರೆ 1.1 ಮಿಲಿಮೀಟರ್ ಸರಿಸಬೇಕು, ಅಷ್ಟೇ. ಸೈಟಿನ ಬುಡಕ್ಕೂ ನಳಿಗೆಗೂ ಸೇರಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಹಿತ್ತಾಳೆ ಕಡ್ಡಿ ಇಟ್ಟು ಮೆಲ್ಲಗೆ ತಟ್ಟಿ.