ಮಸ್ಕತ್‌ನಿಂದ ನವನಗರಕ್ಕೆ: ಮಗಳು ಬರಲು ಒಪ್ಪುತ್ತಿಲ್ಲ

ಪ್ರಶ್ನೆ: ಮೇಡಂ, ನಮಸ್ಕಾರ. ನಾವು ಬಾಗಲಕೋಟೆಯವರು, ಹನ್ನೆರಡು ವರ್ಷಗಳಿಂದ ಮಸ್ಕತ್‌ನಲ್ಲಿದ್ದೇವೆ. ಮಗಳು ಇಲ್ಲಿನ ಭಾರತೀಯ ಶಾಲೆಯಲ್ಲಿ ಸಿಬಿಎಸ್‌ಇ 9ನೇ ತರಗತಿ ಮುಗಿಸುತ್ತಿದ್ದಾಳೆ. ನವನಗರದ ಮನೆಯಲ್ಲಿ ಅತ್ತೆ ಒಬ್ಬರೇ ಇದ್ದಾರೆ, ಅವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಗಬೇಕಿದೆ. ಯಜಮಾನರ ಕೆಲಸವನ್ನು ಇನ್ನೊಂದು ವರ್ಷ ಮುಂದುವರಿಸಲು ಕಂಪನಿ ಒಪ್ಪಿದೆ. ಆದರೂ ಈ ಜೂನ್‌ನಲ್ಲೇ ಎಲ್ಲರೂ ಬಂದುಬಿಡೋಣ, ಅವಳನ್ನು ಅಲ್ಲಿಯೇ 10ನೇ ತರಗತಿಗೆ ಸೇರಿಸೋಣ ಎಂದುಕೊಂಡಿದ್ದೆವು. ವಿಷಯ ತಿಳಿದ ದಿನದಿಂದ ಅವಳು ನಮ್ಮ ಜೊತೆ ಊಟಕ್ಕೆ ಕೂರುತ್ತಿಲ್ಲ. "ಅದು ನಿಮ್ಮ ಊರು, ನನ್ನ ಊರಲ್ಲ" ಎನ್ನುತ್ತಾಳೆ. ಎಂಜಿನಿಯರಿಂಗ್ ಓದುವ ಆಸೆ ಇದೆ. ಪಿಯುಸಿಗೆ ಧಾರವಾಡ ಅಥವಾ ಮಂಗಳೂರು ಕಡೆಯ ಹಾಸ್ಟೆಲ್‌ಗೆ ಹಾಕಿ, ಎಲ್ಲ ಸರಿಹೋಗುತ್ತದೆ ಎಂದು ಬಂಧುಗಳು ಹೇಳುತ್ತಿದ್ದಾರೆ. ದಾರಿ ತೋರಿಸಿ.

ಉತ್ತರ: ತಂಗಿ, ಮೊದಲು ತುರ್ತಿನ ಮಾತು ಹೇಳುತ್ತೇನೆ. ಸಾಧ್ಯವಿದ್ದರೆ ಈ ಜೂನ್‌ನಲ್ಲಿ ಅವಳನ್ನು ಕರೆತರಬೇಡಿ. ಸಿಬಿಎಸ್‌ಇಯಲ್ಲಿ 9 ಮತ್ತು 10 ಸೇರಿ ಎರಡು ವರ್ಷದ ಒಂದೇ ಓದು. 9ರಲ್ಲೇ ಹೆಸರು ನೋಂದಣಿಯಾಗಿರುತ್ತದೆ, 10ಕ್ಕೆ ಶಾಲೆ ಬದಲಿಸಬೇಕೆಂದರೆ ಕಾರಣ ತೋರಿಸಿ ಮಂಡಳಿಯ ಅನುಮತಿ ಪಡೆಯಬೇಕು. ಅನುಮತಿ ಸಿಕ್ಕರೂ ಹೊಸ ಮನೆ, ಹೊಸ ಶಾಲೆ, ಮಂಡಳಿ ಪರೀಕ್ಷೆ ಮೂರನ್ನೂ ಒಂದೇ ವರ್ಷದಲ್ಲಿ ಹದಿನೈದರ ಹುಡುಗಿಯ ಮೇಲೆ ಹೊರಿಸಿದಂತಾಗುತ್ತದೆ. ಇಪ್ಪತ್ತಾರು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಹೇಳಿ, ಈಗ ಮಕ್ಕಳ ಆಪ್ತಸಮಾಲೋಚನೆ ಮಾಡುತ್ತಿರುವವಳ ಮಾತು ಇದು. ಅತ್ತೆಯವರ ಶಸ್ತ್ರಚಿಕಿತ್ಸೆಗೆ ನೀವು ಎರಡು ಮೂರು ತಿಂಗಳು ಬನ್ನಿ, ತಂದೆ ಮಗಳು ಅಲ್ಲಿರಲಿ. ಪರೀಕ್ಷೆ ಮುಗಿಸಿಕೊಂಡು ಮುಂದಿನ ಬೇಸಿಗೆಯಲ್ಲಿ ಎಲ್ಲರೂ ಬನ್ನಿ.

ಅದಕ್ಕಿಂತ ತಡ ಮಾಡುವುದೂ ಬೇಡ. ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಅರ್ಹತೆ ಪಡೆಯಲು ಸಾಮಾನ್ಯವಾಗಿ ವಿದ್ಯಾರ್ಥಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ನಿಮ್ಮ ಮಗಳಿಗೆ ಅದು ಆಗದು. ಆದರೆ ಇನ್ನೊಂದು ಬಾಗಿಲಿದೆ: 11 ಮತ್ತು 12ನೇ ತರಗತಿಗಳನ್ನು ಕರ್ನಾಟಕದಲ್ಲೇ ಓದಿ ಉತ್ತೀರ್ಣಳಾಗಿ, ತಂದೆ ಅಥವಾ ತಾಯಿ 7 ವರ್ಷ ಇಲ್ಲಿ ಓದಿದ್ದರೆ ಅರ್ಹತೆ ಸಿಗುತ್ತದೆ. ನೀವಿಬ್ಬರೂ ಇಲ್ಲೇ ಓದಿದವರಾದರೆ ಈಗಿನಿಂದಲೇ ನಿಮ್ಮ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಮಾಡಿಸಿ ಇಟ್ಟುಕೊಳ್ಳಿ. ಹಳೆಯ ಬಾಗಲಕೋಟೆಯ ಶಾಲೆಯಾಗಿದ್ದರೆ ದಾಖಲೆ ಹುಡುಕಲು ನಾಲ್ಕು ದಿನ ಹೆಚ್ಚು ಹಿಡಿಯಬಹುದು, ಕೊನೆಯ ವಾರಕ್ಕೆ ಬಿಡಬೇಡಿ. ಮಸ್ಕತ್ ಬಿಡುವ ಮೊದಲು ವರ್ಗಾವಣೆ ಪ್ರಮಾಣಪತ್ರಕ್ಕೆ ಅಲ್ಲಿನ ಶಿಕ್ಷಣ ಇಲಾಖೆಯ ಮತ್ತು ಭಾರತೀಯ ರಾಯಭಾರ ಕಚೇರಿಯ ದೃಢೀಕರಣವನ್ನೂ ಮಾಡಿಸಿಕೊಳ್ಳಿ. ಇಲ್ಲಿಗೆ ಬಂದ ಮೇಲೆ ಆ ಒಂದು ಮುದ್ರೆಗಾಗಿ ಪರದಾಡಿದವರನ್ನು ಕಂಡಿದ್ದೇನೆ. ಅವಳಿಗೆ ಆಧಾರ್ ಇಲ್ಲದಿದ್ದರೆ ಭಾರತದ ಪಾಸ್‌ಪೋರ್ಟ್ ತೋರಿಸಿ, ಬಂದ ಕೂಡಲೇ ಅರ್ಜಿ ಹಾಕಬಹುದು.

ಹಾಸ್ಟೆಲ್ ವಿಷಯದಲ್ಲಿ ನಿಮ್ಮ ಬಂಧುಗಳ ಮಾತನ್ನು ದಯವಿಟ್ಟು ಕೇಳಬೇಡಿ. ಕೊಲ್ಲಿ ದೇಶದಿಂದ ಬಂದ ಹುಡುಗನೊಬ್ಬನನ್ನು ಬಂದ ಹದಿನೈದೇ ದಿನಕ್ಕೆ ದೂರದ ಹಾಸ್ಟೆಲ್‌ಗೆ ಬಿಟ್ಟಿದ್ದರು. ದಸರಾ ಸೂಟಿಗೆ ಮನೆಗೆ ಬಂದವನು ಮರಳಿ ಹೋಗಲೇ ಇಲ್ಲ. ಅವನಿಗೆ ಓದು ಕಷ್ಟವಾಗಿರಲಿಲ್ಲ. "ನನಗೆ ಎಲ್ಲಿಯೂ ಮನೆಯಿಲ್ಲ" ಎಂದು ನನ್ನೆದುರು ಕುಳಿತು ಅತ್ತ. ಕಿತ್ತು ತಂದ ಸಸಿಯನ್ನು ಹೊಸ ಮಣ್ಣಿನಲ್ಲಿ ಬೇರೂರುವ ಮೊದಲೇ ಇನ್ನೊಮ್ಮೆ ಕೀಳುತ್ತೀರಾ? ಬಾಗಲಕೋಟೆಯಲ್ಲಿಯೇ ವಿಜ್ಞಾನ ಕಾಲೇಜುಗಳಿವೆ. ಎರಡು ವರ್ಷ ಮನೆಯಿಂದಲೇ ಹೋಗಿ ಬರಲಿ.

ಇನ್ನು ಅವಳು ಹೇಳಿದ ಮಾತು. ನೀವು ಅದನ್ನು ಹಟ ಎಂದುಕೊಂಡಿರಬಹುದು. ಅವಳು ಹೇಳಿದ್ದು ನಿಜ. ನಿಮಗೆ ಇದು ಮರಳಿ ಬರುವುದು, ಅವಳಿಗೆ ಊರು ಬಿಡುವುದು. ಆ ದುಃಖವನ್ನು "ಅಲ್ಲಿ ಅಜ್ಜಿ ಇದ್ದಾರೆ, ಅಣ್ಣ ತಮ್ಮಂದಿರಿದ್ದಾರೆ" ಎಂದು ಮುಚ್ಚಬೇಡಿ. ನಿಮ್ಮ ಅತ್ತೆ ಹಳೆಯ ಊರಿನಿಂದ ನವನಗರಕ್ಕೆ ಬಂದವರೇ? ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿಗೆ ಮನೆ ಬಿಟ್ಟು ಸೆಕ್ಟರ್ ನಂಬರಿನ ವಿಳಾಸಕ್ಕೆ ಬಂದ ಆ ತಲೆಮಾರು ಪಟ್ಟ ಸಂಕಟ ನನಗೆ ಗೊತ್ತು. ನನ್ನ ತಾಯಿ ಎಷ್ಟೋ ವರ್ಷ ಹಳೆಯ ಓಣಿಯ ಹೆಸರನ್ನೇ ಹೇಳುತ್ತಿದ್ದಳು. ನಿಮ್ಮ ಮಗಳ ದುಃಖ ಆ ಮನೆಯಲ್ಲಿ ಯಾರಿಗಾದರೂ ಪೂರ್ತಿ ಅರ್ಥವಾಗುವುದಾದರೆ ಅದು ಅಜ್ಜಿಗೆ. ಅವರಿಬ್ಬರೇ ಮಾತನಾಡಲಿ, ನೀವು ನಡುವೆ ಬರಬೇಡಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನಮ್ಮ ಮಗನಿಗೆ ಕನ್ನಡ ಅರ್ಥವಾಗುತ್ತದೆ, ಬರೆಯಲು ಬರುವುದಿಲ್ಲ. ಪಿಯುಸಿಯಲ್ಲಿ ತೊಂದರೆಯಾಗುವುದೇ?

ಉತ್ತರ: ಇಲ್ಲ. ಇಂಗ್ಲಿಷ್ ಜೊತೆಗಿನ ಇನ್ನೊಂದು ಭಾಷೆಯಾಗಿ ಹಿಂದಿ, ಸಂಸ್ಕೃತ ಮೊದಲಾದವುಗಳಲ್ಲಿ ಕಾಲೇಜು ಕಲಿಸುವುದನ್ನು ಆರಿಸಿಕೊಳ್ಳಬಹುದು. ಎಂಜಿನಿಯರಿಂಗ್ ರ‍್ಯಾಂಕಿಗೆ ಭಾಷೆಯ ಅಂಕ ಸೇರುವುದಿಲ್ಲ. ಆದರೆ ಓಣಿಯಲ್ಲಿ, ಬಸ್ಸಿನಲ್ಲಿ ಮಾತು ಬೇಕಲ್ಲ. ಅವನ ಕನ್ನಡಕ್ಕೆ ಮನೆಯವರು ನಗಬಾರದು ಎಂದು ಬರುವ ಮೊದಲೇ ಎಲ್ಲರಿಗೂ ಹೇಳಿ. ಒಂದು ನಗೆಗೆ ಮಕ್ಕಳು ಆರು ತಿಂಗಳು ಬಾಯಿ ಮುಚ್ಚಿಬಿಡುತ್ತಾರೆ. ಶನಿವಾರ ಬೆಳಗಿನ ಶಾಲೆಯಂಥ ಸಣ್ಣ ಸಂಗತಿಯೂ ಹೊಸದು. ಒಮಾನ್‌ನಲ್ಲಿ ಶುಕ್ರವಾರ, ಶನಿವಾರ ರಜೆ. ಮೊದಲ ತಿಂಗಳು ಶನಿವಾರ ಅವನ ಮುಖ ಬಾಡಿದ್ದರೆ ಬೈಯಬೇಡಿ.

ಮತ್ತೊಬ್ಬ ಸದಸ್ಯರ ಪ್ರಶ್ನೆ: ನಾವು ದುಬೈನಿಂದ ಬಂದು ವರ್ಷವಾಗುತ್ತಾ ಬಂತು. ಮಗ ಮಧ್ಯಾಹ್ನದವರೆಗೆ ಮಲಗುತ್ತಾನೆ, ಕಾಲೇಜಿಗೆ ಹೋಗುತ್ತಿಲ್ಲ. ಸೋಮಾರಿತನ ಎಂದು ಅವನ ತಂದೆ ಸಿಟ್ಟಾಗುತ್ತಾರೆ.

ಉತ್ತರ: ಸೋಮಾರಿತನ ಎಂದು ಬಿಡಬೇಡಿ. ಮೊದಲ ಕೆಲವು ತಿಂಗಳ ಮೌನ ಸಹಜ. ಇಷ್ಟು ದಿನವಾದರೂ ನಿದ್ದೆ, ಊಟ, ಕಾಲೇಜು ಎಲ್ಲವೂ ತಪ್ಪಿದೆ ಎಂದರೆ ವೈದ್ಯರು ನೋಡಲೇಬೇಕು. ಇಂದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ ಸೇವೆ, ಕನ್ನಡದಲ್ಲಿಯೇ ಮಾತನಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೂ ಕರೆದೊಯ್ಯಬಹುದು. "ಸತ್ತರೆ ಚೆನ್ನಾಗಿತ್ತು" ಎಂಬಂಥ ಮಾತು ಬಂದಿದ್ದರೆ ಅವನನ್ನು ಒಬ್ಬನೇ ಬಿಡಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ. ತಂದೆಯವರಿಗೆ ನನ್ನ ಈ ಉತ್ತರವನ್ನೇ ಓದಿ ಹೇಳಿ.

ಮಸ್ಕತ್‌ನ ತಾಯಿ, ಹತ್ತು ದಿನಗಳ ನಂತರ: ಮೇಡಂ, ಮುಂದಿನ ವರ್ಷದವರೆಗೆ ಇಲ್ಲೇ ಇರುವುದೆಂದು ತೀರ್ಮಾನಿಸಿದೆವು. ಅತ್ತೆಯವರ ಜೊತೆ ಮಗಳು ವಿಡಿಯೊ ಕರೆಯಲ್ಲಿ ಒಂದು ಗಂಟೆ ಮಾತನಾಡಿದಳು. ಮನೆ ಬಿಡುವಾಗ ಏನು ತಂದಿರಿ ಎಂದು ಕೇಳಿದಳಂತೆ. ದೇವರ ಕೋಣೆಯ ಬಾಗಿಲು ಚೌಕಟ್ಟು ಕಿತ್ತು ತಂದದ್ದನ್ನು ಅತ್ತೆ ತೋರಿಸಿದರಂತೆ. ನನಗೇ ಅದು ಗೊತ್ತಿರಲಿಲ್ಲ. ನಿನ್ನೆ ಅವಳು ತನ್ನ ಕೋಣೆಯ ಅಳತೆ ಹಿಡಿಯುತ್ತಿದ್ದಳು. ಪುಸ್ತಕದ ಕಪಾಟನ್ನು ಬಿಚ್ಚಿ ತರಬಹುದೇ ಎಂದು ಕೇಳುತ್ತಿದ್ದಾಳೆ.

ಉತ್ತರ: ಸಾಗಣೆಗೆ ಎಷ್ಟೇ ಖರ್ಚಾಗಲಿ, ತನ್ನಿ. ಅದನ್ನು ಎಲ್ಲಿ ಇಡಬೇಕೆಂದು ಅವಳೇ ಹೇಳಲಿ.