ಕ್ರೆಡಿಟ್ ಕಾರ್ಡ್ ಬಾಕಿ ಕರಗ್ತಾನೇ ಇಲ್ಲ, ಬ್ಯಾಂಕಿನವರು ಕಿವಿಗೆ ಹಾಕ್ಕೊಳ್ತಿಲ್ಲ: ಗೊತ್ತಿರೋರು ದಾರಿ ಹೇಳಿ

ಕೇಳಿದವರು: ವಸಂತನರಸಾಪುರ, ತುಮಕೂರು

ಸಂಬಳದ ಕೆಲಸದಲ್ಲಿರೋ ತಮ್ಮನ ಕಾರ್ಡಲ್ಲಿ ಸುಮಾರು ಅರವತ್ತು ಸಾವಿರ ಬಾಕಿ ಇದೆ. ಬಿಲ್ಲಲ್ಲಿ ಹೇಳೋ ಕನಿಷ್ಠ ಮೊತ್ತ (ಮಿನಿಮಮ್) ಕಟ್ತಾ ಬಂದಿದ್ದಾನೆ, ಅಸಲು ಅಲ್ಲಾಡ್ತಿಲ್ಲ. ಕೇಳದೇ ಇರೋ ಇನ್ಶೂರೆನ್ಸ್ ಅಂತ ಬೇರೆ ಬಿಲ್ಲಿಗೆ ಸೇರಿಸಿದ್ದಾರೆ. ಕಸ್ಟಮರ್ ಕೇರ್‌ನಲ್ಲಿ ‘ನೋಟ್ ಮಾಡ್ಕೊಂಡಿದೀವಿ ಸರ್’ ಅಂತಾರೆ, ಮುಂದಿನ ಬಿಲ್ಲಲ್ಲೂ ಅದೇ ಕಥೆ. ಬ್ರಾಂಚಿಗೆ ಹೋದ್ರೆ ‘ಕಾರ್ಡ್ ಡಿಪಾರ್ಟ್‌ಮೆಂಟ್ ಬೇರೆ’. ಒಂದು ತಿಂಗಳು ತಪ್ಪಿದ್ದಕ್ಕೆ ರಿಕವರಿಯವರು ಪಕ್ಕದ ಅಂಗಡಿಯವರಿಗೆ ಫೋನ್ ಮಾಡಿ ಮಾನ ಕಳೆದ್ರು, ಪೊಲೀಸ್ ಕೇಸ್ ಅಂತಾನೂ ಹೆದರಿಸ್ತಿದ್ದಾರೆ. ಎಲ್ಲಿಂದ ಶುರು ಮಾಡೋದು?

ಶಿರಾ ಗೇಟ್, ತುಮಕೂರು

ಮೊದಲು ಲೆಕ್ಕ ನೋಡಿ ಅಣ್ಣಾ, ಜಗಳ ಆಮೇಲೆ. ಹೆಚ್ಚಿನ ಕಾರ್ಡುಗಳಲ್ಲಿ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು. ನಮ್ಮ ಕಡೆ ಹೇಳೋ ಹಾಗೆ ಮೂರೂವರೆ ರೂಪಾಯಿ ಬಡ್ಡಿ, ವರ್ಷಕ್ಕೆ ಶೇ. 42. ಅರವತ್ತು ಸಾವಿರಕ್ಕೆ ತಿಂಗಳ ಬಡ್ಡಿ 2,100 ರೂ. ಕಾರ್ಡ್ ಬಡ್ಡಿಗೆ ಶೇ. 18 ಜಿಎಸ್‌ಟಿ ಇದೆ, ಅದು 378. ಒಟ್ಟು 2,478. ಮಿನಿಮಮ್ ಬಾಕಿಯ ಶೇ. 5 ಅಂತಿಟ್ಕೊಂಡ್ರೆ 3,000. ಅಂದ್ರೆ ಕಟ್ಟಿದ ಮೂರು ಸಾವಿರದಲ್ಲಿ ಅಸಲಿಗೆ ಹೋಗಿದ್ದು 522 ರೂಪಾಯಿ. ಆ ತಿಂಗಳು ಅದೇ ಕಾರ್ಡಲ್ಲಿ ಒಂದು ಸಲ ಪೆಟ್ರೋಲ್ ಹಾಕಿಸಿದ್ರೆ ಅದೂ ಸರಿಹೋಯ್ತು.

ಪೆಟ್ರೋಲ್ ಮಾತು ಸುಮ್ನೆ ಎತ್ತಲಿಲ್ಲ. ಹಿಂದಿನ ಬಿಲ್ಲಿನ ಬಾಕಿ ಉಳಿದಿರೋವರೆಗೆ ‘ಬಡ್ಡಿ ಇಲ್ಲದ ದಿನಗಳು’ ಅನ್ನೋ ಸೌಲಭ್ಯ ರದ್ದಾಗಿರುತ್ತೆ. ಹೊಸ ಖರೀದಿಗೆ ಉಜ್ಜಿದ ದಿನದಿಂದಲೇ ಬಡ್ಡಿ ಶುರು. ಎಟಿಎಂನಲ್ಲಿ ಕಾರ್ಡ್ ಹಾಕಿ ನಗದು ತೆಗೆದ್ರೆ ಬಾಕಿ ಇರಲಿ ಬಿಡಲಿ, ಮೊದಲ ದಿನದಿಂದ ಬಡ್ಡಿ, ಮೇಲೆ ಶುಲ್ಕ. ಅದಕ್ಕೇ ಮೊದಲ ಕೆಲಸ ಆ್ಯಪಲ್ಲಿ ಆ ಕಾರ್ಡಿನ ಆನ್‌ಲೈನ್, ಅಂಗಡಿ, ನಗದು ವ್ಯವಹಾರ ಮೂರನ್ನೂ ಆಫ್ ಮಾಡೋದು. ಮೊಬೈಲ್ ರೀಚಾರ್ಜ್, ಓಟಿಟಿ ಅಂತ ತಾನಾಗೇ ಕಟ್ ಆಗೋದನ್ನ ಬೇರೆ ಕಡೆ ಹಾಕ್ಸಿ.

ಈಗ ಅದೇ ಮೂರು ಸಾವಿರವನ್ನ ಬೇರೆ ರೀತಿ ನೋಡಿ. ಬಾಕಿಯನ್ನ ವರ್ಷಕ್ಕೆ ಶೇ. 18ರಂತೆ 24 ತಿಂಗಳ ಇಎಂಐಗೆ ಹಾಕಿಸಿದ್ರೆ ಕಂತು ಸುಮಾರು 2,995. ಬಡ್ಡಿ ಮೇಲಿನ ಜಿಎಸ್‌ಟಿ ಮೊದಲ ತಿಂಗಳು 162, ಆಮೇಲೆ ಇಳೀತಾ ಹೋಗುತ್ತೆ. ಹೆಚ್ಚುಕಮ್ಮಿ ಅದೇ ದುಡ್ಡಲ್ಲಿ ಎರಡು ವರ್ಷಕ್ಕೆ ಸಾಲ ತೀರುತ್ತೆ. ಫೋನಲ್ಲಿ ಇಎಂಐ ಒಪ್ಪೋ ಮುಂಚೆ ಮೂರು ಸಂಖ್ಯೆ ಕೇಳಿ: ವಾರ್ಷಿಕ ಬಡ್ಡಿ, ಪ್ರೊಸೆಸಿಂಗ್ ಫೀ, ಅವಧಿಗೆ ಮುಂಚೆ ಮುಗಿಸಿದ್ರೆ ದಂಡ ಎಷ್ಟು. ‘ತಿಂಗಳಿಗೆ ಒಂದೂವರೆ ಪರ್ಸೆಂಟ್ ಮಾತ್ರ’ ಅಂದ್ರೆ ಅದು ಇಳಿಯೋ ಬಾಕಿ ಮೇಲಾ, ಇಡೀ ಅಸಲಿನ ಮೇಲಾ ಅಂತ ಬಿಡಿಸಿ ಕೇಳಿ. ಇಡೀ ಅಸಲಿನ ಮೇಲಾದ್ರೆ ನಿಜವಾದ ದರ ಹತ್ತಿರ ಹತ್ತಿರ ಎರಡರಷ್ಟಾಗುತ್ತೆ.

ಮನೇಲಿ ಚಿನ್ನ ಇದ್ದು, ಬಡ್ಡಿ ತಪ್ಪದೆ ಕಟ್ಟೋ ಧೈರ್ಯ ಇದ್ರೆ ಬ್ಯಾಂಕಿನ ಗೋಲ್ಡ್ ಲೋನ್ ಇನ್ನೂ ಅಗ್ಗ. ಶೇ. 10 ಅಂತ ಹಿಡಿದ್ರೂ ವರ್ಷಕ್ಕೆ 6,000 ಬಡ್ಡಿ. ಕಾರ್ಡಲ್ಲೇ ಬಿಟ್ರೆ ಜಿಎಸ್‌ಟಿ ಸೇರಿ 29,736. ಆದ್ರೆ ಆ ದುಡ್ಡು ನೇರ ಕಾರ್ಡಿಗೇ ಹೋಗ್ಬೇಕು, ನಡುವೆ ಹಬ್ಬ ಬಂತು ಅಂತ ಅರ್ಧ ಕರಗಿದ್ರೆ ಎರಡೂ ಸಾಲ ತಲೆ ಮೇಲೆ.

ಡೂಂಲೈಟ್ ಸರ್ಕಲ್, ಕೋಲಾರ

ಇನ್ಶೂರೆನ್ಸ್ ವಿಷಯ ಹೇಳ್ತೀನಿ, ಯಾಕಂದ್ರೆ ಗೆಲ್ಲೋ ಪಾಯಿಂಟ್ ಅದೇ. ಕಾರ್ಡುಗಳ ಬಗ್ಗೆ ಆರ್‌ಬಿಐ ನಿರ್ದೇಶನ ಪ್ರಕಾರ ಕಾರ್ಡ್ ಜತೆ ವಿಮೆ ಕೊಡ್ಬೇಕಾದ್ರೆ ಗ್ರಾಹಕನ ಸ್ಪಷ್ಟ ಒಪ್ಪಿಗೆ ಬೇಕು, ಬರಹದಲ್ಲೋ ಡಿಜಿಟಲ್ ಆಗೋ. ‘ಫೋನಲ್ಲಿ ಹೂಂ ಅಂದಿದ್ರಿ’ ಅಂದ್ರೆ ದಾಖಲೆ ಕೇಳಿ. ಬಿಲ್ಲಿನ ಬಗ್ಗೆ ದೂರು ಕೊಟ್ಟ 30 ದಿನದೊಳಗೆ ವಿವರಣೆ, ಬೇಕಾದ ಕಡೆ ದಾಖಲೆ ಸಮೇತ ಕೊಡೋದು ಅವರ ಜವಾಬ್ದಾರಿ.

ಫೋನ್ ದೂರು ನಂಬ್ಬೇಡಿ. ಇಮೇಲ್ ಹಾಕಿ, ದೂರಿನ ನಂಬರ್ ಬರೋವರೆಗೂ ಬಿಡ್ಬೇಡಿ. ಬರೆಯೋದು ಹೀಗಿರಲಿ: “ಕೊನೆಯ ನಾಲ್ಕು ಅಂಕಿ ಇಂಥದ್ದಿರುವ ನನ್ನ ಕಾರ್ಡಿಗೆ ಇಂಥ ದಿನಾಂಕದಂದು ಇಂಥ ಹೆಸರಿನಲ್ಲಿ ಇಷ್ಟು ರೂಪಾಯಿ ವಿಮಾ ಶುಲ್ಕ ಹಾಕಲಾಗಿದೆ. ಇದಕ್ಕೆ ನಾನು ಒಪ್ಪಿಗೆ ಕೊಟ್ಟಿಲ್ಲ. ಒಪ್ಪಿಗೆಯ ದಾಖಲೆ ಕಳಿಸಿ, ಇಲ್ಲವಾದರೆ ಮೊತ್ತವನ್ನೂ ಅದರ ಮೇಲೆ ಹಾಕಿರುವ ಬಡ್ಡಿ, ಜಿಎಸ್‌ಟಿಯನ್ನೂ ವಾಪಸ್ ಹಾಕಿ.” ಅಷ್ಟು ಸಾಕು. ನಾಲ್ಕು ಪುಟ ಸಂಕಟ ಬರೆದ್ರೆ ಓದೋರು ಯಾವುದೋ ಒಂದಕ್ಕೆ ಉತ್ತರ ಕೊಟ್ಟು ಫೈಲ್ ಮುಚ್ತಾರೆ.

30 ದಿನ ಕಳೆದ್ರೂ ಉತ್ತರ ಇಲ್ಲ, ಅಥವಾ ಉತ್ತರ ಸಮಾಧಾನ ತಂದಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಅಧಿಕಾರಿ) ಹತ್ರ ಹೋಗಿ. ಆರ್‌ಬಿಐನ ದೂರಿನ ವೆಬ್‌ಸೈಟಾದ ಸಿಎಂಎಸ್ ಪೋರ್ಟಲಲ್ಲಿ ಆನ್‌ಲೈನೇ ಹಾಕ್ಬಹುದು, ದುಡ್ಡಿಲ್ಲ, ವಕೀಲರು ಬೇಡ. ನೆಟ್ ಬರದೇ ಇರೋರು ಚಂಡೀಗಢದ ಸೆಕ್ಟರ್ 17ರಲ್ಲಿರೋ ಆರ್‌ಬಿಐ ದೂರು ಸ್ವೀಕಾರ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸ್ಬಹುದು. ಏನಾದ್ರೂ ಅನುಮಾನ ಇದ್ರೆ ಆರ್‌ಬಿಐ ಸಹಾಯವಾಣಿ 14448ಕ್ಕೆ ಫೋನ್ ಮಾಡಿ.

ಅಲ್ಲಿ ದೂರು ಬಿದ್ದುಹೋಗೋದು ಬಹಳ ಸಲ ಎರಡು ಕಾರಣಕ್ಕೆ. ಬ್ಯಾಂಕಿಗೆ ಮೊದಲು ದೂರು ಕೊಟ್ಟಿರಲ್ಲ, ಇಲ್ಲಾ ಕೊಟ್ಟು 30 ದಿನ ಆಗಿರಲ್ಲ. ಇನ್ನೊಂದು, ಕೇಳೋದೇ ತಪ್ಪಾಗಿರುತ್ತೆ. ‘ಬಡ್ಡಿ ಜಾಸ್ತಿ, ಕಡಿಮೆ ಮಾಡಿಸಿ’ ಅಂದ್ರೆ ಅದು ಬ್ಯಾಂಕಿನ ವ್ಯಾಪಾರದ ನಿರ್ಧಾರ ಅಂತ ವಾಪಸ್ ಬರುತ್ತೆ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿದ್ದನ್ನ ಸುಪ್ರೀಂ ಕೋರ್ಟ್ 2024ರ ಡಿಸೆಂಬರಲ್ಲಿ ರದ್ದು ಮಾಡ್ತು. ಆ ಹಳೇ ತೀರ್ಪು ಈಗಲೂ ವಾಟ್ಸಾಪಲ್ಲಿ ಓಡಾಡ್ತಿದೆ, ಅದನ್ನ ನೆಚ್ಕೋಬೇಡಿ. ‘ಇಂಥ ದಿನದ ಇಂಥ ಶುಲ್ಕ ನಿಯಮಕ್ಕೆ ವಿರುದ್ಧ, ವಾಪಸ್ ಕೊಡಿಸಿ’ ಅಂತ ಕೇಳಿ.

ಶಿಡ್ಲಘಟ್ಟ

ಒಂದು ತಿಂಗಳು ತಪ್ಪಿತು ಅಂದ್ರಲ್ಲ, ಯಾಕೆ ತಪ್ಪಿತು ಅಂತ ನೋಡಿ. ಬಹಳ ಜನಕ್ಕೆ ದುಡ್ಡಿಲ್ಲದೆ ತಪ್ಪಲ್ಲ, ದುಡ್ಡು ಬರೋ ದಿನಕ್ಕೂ ಕಟ್ಟೋ ದಿನಕ್ಕೂ ಹೊಂದದೆ ತಪ್ಪುತ್ತೆ. ಫ್ಯಾಕ್ಟರಿ ಸಂಬಳ ಏಳಕ್ಕೆ ಬಂದು ಡ್ಯೂ ಡೇಟ್ ಮೂರಕ್ಕಿದ್ರೆ ಪ್ರತಿ ತಿಂಗಳೂ ಒದ್ದಾಟವೇ. ನಮ್ಮಲ್ಲಿ ರೇಷ್ಮೆಗೂಡು ಮಾರಿ ಬರೋ ದುಡ್ಡಿಗಂತೂ ತಾರೀಖೇ ಇಲ್ಲ. ಬಿಲ್ಲಿಂಗ್ ಸೈಕಲ್ ಒಂದು ಸಲವಾದ್ರೂ ಬದಲಾಯಿಸ್ಕೊಳ್ಳೋ ಅವಕಾಶ ಕೊಡಲೇಬೇಕು ಅಂತ ಆರ್‌ಬಿಐ ನಿಯಮ ಇದೆ. ಆ್ಯಪಲ್ಲೋ ಇಮೇಲಲ್ಲೋ ಕೇಳಿ, ಡ್ಯೂ ಡೇಟ್ ಸಂಬಳ ಆದ ಮೇಲೆ ಐದಾರು ದಿನಕ್ಕೆ ಬರೋ ಹಾಗೆ ಮಾಡಿಸ್ಕೊಳ್ಳಿ.

ಲೇಟ್ ಫೀ ಹಾಕೋಕೂ, ಸಿಬಿಲ್‌ಗೆ (ಜನರ ಸಾಲದ ಚರಿತ್ರೆ ದಾಖಲಿಸೋ ಸಂಸ್ಥೆ) ‘ಬಾಕಿದಾರ’ ಅಂತ ಕಳಿಸೋಕೂ ಡ್ಯೂ ಡೇಟ್ ಆಗಿ ಮೂರು ದಿನ ಮೀರಿರಬೇಕು. ಎರಡನೇ ದಿನ ಕಟ್ಟಿದ್ರೂ ಲೇಟ್ ಫೀ ಬಿದ್ದಿದ್ರೆ ವಾಪಸ್ ಕೇಳಿ. ಫೀ ಲೆಕ್ಕ ಹಾಕೋದೂ ಉಳಿದ ಬಾಕಿ ಮೇಲೆ ಮಾತ್ರ, ಇಡೀ ಬಿಲ್ಲಿನ ಮೇಲಲ್ಲ. ಆದ್ರೆ ಈ ಮೂರು ದಿನ ಬಡ್ಡಿಗೆ ಮಾಫಿ ಅಲ್ಲ.

ಮಧುಗಿರಿ

ರಿಕವರಿಯವರ ಬಗ್ಗೆ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಸಾಲ ವಸೂಲಿಗೆ ಫೋನ್ ಮಾಡೋ ಹಾಗಿಲ್ಲ. 2022ರ ಆಗಸ್ಟ್ 12ರ ಆರ್‌ಬಿಐ ಸುತ್ತೋಲೆಯಲ್ಲಿ ಬಂದ ನಿಯಮ ಅದು. ಮನೆಯವರು, ಸ್ನೇಹಿತರ ಮುಂದೆ ಅವಮಾನ ಮಾಡೋದು, ಬೆದರಿಸೋದು ಅದರಲ್ಲೇ ನಿಷಿದ್ಧ. ಏಜೆನ್ಸಿಯವರು ಮಾಡಿದ್ದಕ್ಕೆ ಬ್ಯಾಂಕೇ ಹೊಣೆ, ‘ಅವರು ಹೊರಗಿನವರು’ ಅಂತ ಕೈ ತೊಳ್ಕೊಳ್ಳೋಕಾಗಲ್ಲ.

ಅಂಗಡಿಯವರಿಗೆ ಬಂದ ಕಾಲ್ ನಿಮ್ಮ ಬಲವಾದ ಸಾಕ್ಷಿ. ಅವರ ಫೋನಿನ ಕಾಲ್ ಲಾಗ್ ಸ್ಕ್ರೀನ್‌ಶಾಟ್ ತಗೊಳ್ಳಿ, ನಂಬರ್, ದಿನ, ಹೊತ್ತು ಕಾಣೋ ಹಾಗೆ. ಏನಂದ್ರು ಅಂತ ಅವರಿಂದಲೇ ಎರಡು ಸಾಲು ಬರೆಸಿ ಸಹಿ ಹಾಕಿಸ್ಕೊಳ್ಳಿ. ಮುಂದೆ ಕಾಲ್ ಬಂದ್ರೆ ಕೂಗಾಡ್ಬೇಡಿ. ಹೆಸರು, ಏಜೆನ್ಸಿ ಹೆಸರು, ಬ್ಯಾಂಕ್ ಕೊಟ್ಟ ಅಧಿಕಾರ ಪತ್ರ ಮೂರು ಕೇಳಿ. ಅರ್ಧ ಜನ ಅಲ್ಲೇ ಫೋನ್ ಇಡ್ತಾರೆ. ಮನೆಗೆ ಬಂದ್ರೆ ಗುರುತಿನ ಚೀಟಿ ಮತ್ತು ಆ ಪತ್ರ ತೋರಿಸ್ಲೇಬೇಕು. ಈ ದೂರನ್ನ ಇನ್ಶೂರೆನ್ಸ್ ದೂರಿನ ಜತೆ ಕಲಸ್ಬೇಡಿ, ಬೇರೆ ಇಮೇಲ್ ಹಾಕಿ.

ಪೊಲೀಸ್ ಕೇಸ್ ಮಾತು ಬರೀ ಬೆದರಿಕೆ. ಕಾರ್ಡ್ ಬಾಕಿ ಉಳಿಸ್ಕೊಂಡಿದ್ದು ಸಿವಿಲ್ ವಿಷಯ, ಅದಕ್ಕೆ ಹಿಡ್ಕೊಂಡು ಹೋಗಲ್ಲ. ಎರಡು ಕಡೆ ಮಾತ್ರ ಹುಷಾರು: ಚೆಕ್ ಕೊಟ್ಟು ಬೌನ್ಸ್ ಆದ್ರೆ ಸೆಕ್ಷನ್ 138, ಖಾತೆಯಿಂದ ತಾನಾಗೇ ಕಡಿಯೋ ಮ್ಯಾಂಡೇಟ್ ಬೌನ್ಸ್ ಆದ್ರೆ 2007ರ ಪೇಮೆಂಟ್ ಕಾಯ್ದೆಯ ಸೆಕ್ಷನ್ 25. ಎರಡೂ ಕ್ರಿಮಿನಲ್. ಹಾಗಾಗಿ ‘ಸೆಕ್ಯೂರಿಟಿಗೆ ಒಂದು ಚೆಕ್ ಕೊಡಿ ಸಾಕು’ ಅನ್ನೋರಿಗೆ ಖಾಲಿ ಚೆಕ್ ಕೊಡ್ಬೇಡಿ. ವಾಟ್ಸಾಪಲ್ಲಿ ಬರೋ ‘ಕೋರ್ಟ್ ನೋಟಿಸ್’ ಬಹುಪಾಲು ವಕೀಲರ ಲೆಟರ್‌ಹೆಡ್. ನಿಜವಾದ ಕೇಸಾದ್ರೆ 16 ಅಕ್ಷರದ ಸಿಎನ್ಆರ್ ನಂಬರ್ ಇರುತ್ತೆ, ಇಕೋರ್ಟ್ಸ್ ಆ್ಯಪಲ್ಲಿ ಹಾಕಿ ನೋಡಿ.

2025ರಲ್ಲಿ ಬಂದ ಕರ್ನಾಟಕದ ಕಿರುಸಾಲ ಕಾನೂನು ಇದೆಯಲ್ಲ ಅಂತ ಯಾರಾದ್ರೂ ಹೇಳ್ತಾರೆ. ಆರ್‌ಬಿಐನಲ್ಲಿ ನೋಂದಣಿ ಆಗಿರೋ ಬ್ಯಾಂಕಿಗೆ ಅದು ತಾಗಲ್ಲ. ಬೆದರಿಕೆ ಹಾಕಿದ್ರೆ ಠಾಣೆಯಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 351ರಡಿ ದೂರು ಕೊಡ್ಬಹುದು, ಅದು ಸಾಕಷ್ಟಾಯ್ತು.

ಬಂಗಾರಪೇಟೆ

ಇಷ್ಟೆಲ್ಲ ಯಾಕೆ, ಸೆಟಲ್‌ಮೆಂಟ್ (ಕಡಿಮೆ ಮೊತ್ತಕ್ಕೆ ಒಪ್ಪಂದ) ಮಾಡ್ಕೊಂಡು ಕೈ ತೊಳ್ಕೊಳ್ಳಿ. ಸುಮ್ನಿದ್ರೆ ಅವರೇ ಅರ್ಧಕ್ಕೆ ಇಳೀತಾರೆ.

ತಿಪಟೂರು

ಬಂಗಾರಪೇಟೆಯವರ ಮಾತು ಕೆಲಸ ಕಳ್ಕೊಂಡು ಕಟ್ಟೋಕೆ ಆಗದೇ ಇರೋರಿಗೆ ಸರಿ. ಇವರ ತಮ್ಮ ಸಂಬಳದವನು, ತಿಂಗಳಿಗೆ ಮೂರು ಸಾವಿರ ಕಟ್ಟೋ ತಾಕತ್ತಿದೆ. ಸೆಟಲ್ ಆದ್ರೆ ಸಿಬಿಲ್ ವರದಿಯಲ್ಲಿ ‘ಸೆಟಲ್ಡ್’ ಅಂತ ಬೀಳುತ್ತೆ, ‘ಕ್ಲೋಸ್ಡ್’ ಅಂತಲ್ಲ. ನಾಳೆ ಮನೆ ಸಾಲಕ್ಕೆ ಹೋದಾಗ ಮ್ಯಾನೇಜರ್ ಬೆರಳಿಡೋದು ಆ ಸಾಲಿನ ಮೇಲೆ. ಅರ್ಧಕ್ಕೆ ಇಳೀಲಿ ಅಂತ ತಿಂಗಳುಗಟ್ಟಲೆ ಕಟ್ಟದೇ ಕೂತ್ರೆ ಆ ತಪ್ಪಿದ ಕಂತುಗಳ ಗುರುತೂ ಅದರ ಪಕ್ಕದಲ್ಲೇ ಇರುತ್ತೆ.

ಮಾಡ್ಲೇಬೇಕು ಅಂತಾದ್ರೆ ಪತ್ರ ಕೈಗೆ ಬರದೆ ಒಂದು ರೂಪಾಯಿ ಕಟ್ಬೇಡಿ. ಬ್ಯಾಂಕಿನ ಅಧಿಕೃತ ಇಮೇಲಿಂದ ಬಂದಿರಬೇಕು. ಅದರಲ್ಲಿ ಕಾರ್ಡಿನ ಕೊನೆ ಅಂಕಿಗಳು, ಒಟ್ಟು ಬಾಕಿ, ಒಪ್ಪಿದ ಮೊತ್ತ, ಕಂತಿನ ತಾರೀಖು, ಉಳಿದಿದ್ದು ಮನ್ನಾ ಅನ್ನೋ ಮಾತು ಇರಲಿ. ಏಜೆಂಟನ ಯುಪಿಐಗೆ ಕಟ್ಟಿದ ದುಡ್ಡು ಕಾರ್ಡಿಗೆ ಸೇರಲ್ಲ, ಹಾಗೆ ಕಳ್ಕೊಂಡೋರು ಬೇಕಾದಷ್ಟಿದ್ದಾರೆ. ಕಾರ್ಡ್ ನಂಬರಿಗೇ ಕಟ್ಟಿ. ಒಂದು ಕಂತು ತಡವಾದ್ರೂ ಸಾಮಾನ್ಯವಾಗಿ ಒಪ್ಪಂದ ಮುರಿದು ಹಳೇ ಬಾಕಿ ಪೂರ್ತಿ ಎದ್ದು ಕೂರುತ್ತೆ.

ಲೋಕ ಅದಾಲತ್ ನೋಟಿಸ್ ಬಂದ್ರೆ ಹೆದರದೆ ಹೋಗಿ. ಕೇಸಿಗೆ ಮುಂಚಿನ ಮಾತುಕತೆ ಅದು, ಒಪ್ಪಲೇಬೇಕು ಅಂತಿಲ್ಲ. ಆದ್ರೆ ಒಪ್ಪಿ ಸಹಿ ಹಾಕಿದ್ರೆ ಅಪೀಲಿಲ್ಲ, ಓದಿ ಹಾಕಿ. ಕಾನೂನು ಸೇವಾ ಪ್ರಾಧಿಕಾರದ ನಂಬರ್ 15100. ಹೆಂಗಸರಿಗೆ, ಎಸ್‌ಸಿ, ಎಸ್‌ಟಿಯವರಿಗೆ ಆದಾಯ ಎಷ್ಟೇ ಇದ್ರೂ ಅಲ್ಲಿ ಉಚಿತ ವಕೀಲರು ಸಿಗ್ತಾರೆ.

ಚಿಂತಾಮಣಿ

ಬಾಕಿ ತೀರಿಸಿ ಕಾರ್ಡ್ ಮುಚ್ಚೋ ಹೊತ್ತಲ್ಲಿ ಜನ ಎಡವೋದನ್ನ ಯಾರೂ ಹೇಳಲಿಲ್ಲ. ಬಿಲ್ಲಲ್ಲಿರೋ ಮೊತ್ತ ಪೂರ್ತಿ ಕಟ್ಟಿದ್ರೂ ಬಿಲ್ ಆದ ದಿನದಿಂದ ಕಟ್ಟಿದ ದಿನದವರೆಗಿನ ಬಡ್ಡಿ ಮುಂದಿನ ಬಿಲ್ಲಿಗೆ ಬರುತ್ತೆ. ‘ಮುಗೀತಲ್ಲ’ ಅಂತ ಆ್ಯಪ್ ತೆಗೆದುಹಾಕಿರ್ತಾರೆ, ಆ ಇನ್ನೂರು ಮುನ್ನೂರು ರೂಪಾಯಿಗೆ ಲೇಟ್ ಫೀ ಸೇರಿ ಸಿಬಿಲ್ ಕೆಡುತ್ತೆ. ಅದಕ್ಕೆ ‘ಇಂಥ ದಿನಕ್ಕೆ ಕಾರ್ಡ್ ಮುಚ್ಚೋಕೆ ಎಷ್ಟು’ ಅಂತ ಬರಹದಲ್ಲಿ ಕೇಳಿ, ಅಷ್ಟನ್ನ ಅದೇ ದಿನ ಕಟ್ಟಿ, ಅದೇ ದಿನ ಮುಚ್ಚಲು ಅರ್ಜಿ ಹಾಕಿ.

ಬಾಕಿ ಶೂನ್ಯವಾಗಿದ್ರೆ ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ಮೀರಿದ್ರೆ ದಿನಕ್ಕೆ 500 ರೂ. ನಿಮಗೆ ದಂಡ ಕೊಡ್ಬೇಕು, ಮುಚ್ಚೋವರೆಗೂ. ಅಂಚೆಯಲ್ಲೇ ಕಳಿಸಿ ಅಂತ ಹಠ ಹಿಡಿಯೋ ಹಾಗಿಲ್ಲ, ಇಮೇಲ್ ಸಾಕು. ನೋ ಡ್ಯೂ ಪತ್ರ ತಗೊಂಡು ಒಂದು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೀರಿ, ವರ್ಷಕ್ಕೊಂದು ಪೂರ್ತಿ ವರದಿ ಉಚಿತ. ತಪ್ಪಿದ್ರೆ ತಿದ್ದುಪಡಿ ಕೇಳಿ. 30 ದಿನ ಮೀರಿದ್ರೆ ಅದಕ್ಕೂ ದಿನಕ್ಕೆ 100 ರೂ. ಪರಿಹಾರ ಇದೆ.

ಕೇಳಿದವರು: ವಸಂತನರಸಾಪುರ, ತುಮಕೂರು

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. ತಮ್ಮನ ಸಂಬಳದ ಖಾತೆನೂ ಅದೇ ಬ್ಯಾಂಕಲ್ಲಿದೆ, ಅಲ್ಲಿಂದ ಹಿಡ್ಕೊಳ್ಳಬಹುದಾ? ಗ್ರಾಹಕ ಕೋರ್ಟಿಗೆ ಹೋಗೋದಾದ್ರೆ ಬ್ಯಾಂಕಿನ ಹೆಡ್ಡಾಫೀಸಿರೋ ಮುಂಬೈಗೆ ಹೋಗ್ಬೇಕಾ?

ಡೂಂಲೈಟ್ ಸರ್ಕಲ್, ಕೋಲಾರ

ಹಿಡೀಬಹುದು. ಕಾರ್ಡಿನ ಷರತ್ತುಗಳಲ್ಲಿ ‘ಸೆಟ್-ಆಫ್’, ‘ಲೀನ್’ (ಖಾತೆಯ ದುಡ್ಡನ್ನ ಬಾಕಿಗೆ ಹಿಡ್ಕೊಳ್ಳೋ ಬ್ಯಾಂಕಿನ ಹಕ್ಕು) ಅನ್ನೋ ಸಾಲು ಇದೆಯಾ ನೋಡಿ, ಸಾಮಾನ್ಯವಾಗಿ ಇರುತ್ತೆ. ಬಾಕಿ ತಪ್ಪಿದಾಗ ಆ ಖಾತೆಯ ದುಡ್ಡಿಗೆ ಹೋಲ್ಡ್ ಹಾಕ್ತಾರೆ, ಸಂಬಳ ಬಂದ ದಿನವೇ. ಕಂಪನಿ ಎಚ್‌ಆರ್‌ಗೆ ಹೇಳಿ ಸಂಬಳವನ್ನ ಬೇರೆ ಬ್ಯಾಂಕಿನ ಖಾತೆಗೆ ಹಾಕಿಸ್ಕೊಳ್ಳೋದು ನಿಮ್ಮ ಹಕ್ಕು, ಆದ್ರೆ ಹಳೇ ಖಾತೆಯಲ್ಲಿ ಬೇರೆ ಇಎಂಐ ಮ್ಯಾಂಡೇಟ್ ಇದ್ರೆ ಮೊದಲು ಅದನ್ನ ಬದಲಾಯಿಸಿ, ಮಧುಗಿರಿಯವರು ಹೇಳಿದ ಸೆಕ್ಷನ್ 25 ನೆನಪಿರಲಿ.

ಮುಂಬೈಗೆ ಹೋಗೋದು ಬೇಡ. 2019ರ ಕಾಯ್ದೆ ಪ್ರಕಾರ ದೂರುದಾರ ವಾಸ ಇರೋ ಊರಿನ ಜಿಲ್ಲಾ ಆಯೋಗದಲ್ಲೇ ಹಾಕ್ಬಹುದು, ನಿಮಗೆ ತುಮಕೂರೇ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಕಾಲಮಿತಿ ಎರಡು ವರ್ಷ. ಓಂಬುಡ್ಸ್‌ಮನ್ ಮತ್ತು ಆಯೋಗ ಎರಡರಲ್ಲೂ ಒಟ್ಟೊಟ್ಟಿಗೆ ಹಾಕ್ಬೇಡಿ, ಆಯೋಗದಲ್ಲಿ ಕೇಸಿದ್ರೆ ಓಂಬುಡ್ಸ್‌ಮನ್ ತಗೊಳ್ಳಲ್ಲ. ಇನ್ಶೂರೆನ್ಸ್ ದುಡ್ಡಿಗೆ ಓಂಬುಡ್ಸ್‌ಮನ್ನೇ ಸಾಕು. ದೂರಿಗೆ ಲಗತ್ತಿಸೋಕೆ ಆ ಶುಲ್ಕ ಬಿದ್ದ ಎಲ್ಲಾ ತಿಂಗಳ ಸ್ಟೇಟ್‌ಮೆಂಟ್ ಪಿಡಿಎಫ್ ಇವತ್ತೇ ಇಳಿಸಿಟ್ಕೊಳ್ಳಿ, ಕಾರ್ಡ್ ಬ್ಲಾಕ್ ಆದ್ಮೇಲೆ ಎಷ್ಟೋ ಸಲ ಆ್ಯಪಲ್ಲಿ ಸಿಗಲ್ಲ.